ಒಂದೇ ಪುಟದಲ್ಲಿ ಐದೂ ಸಬ್ಜೆಕ್ಟ್: ಒನ್-ಟು-ಒನ್ ಶಾಲೆ, ಎರಡು ವರ್ಷ ಬಳಸಿದ ಮೇಲೆ

ಮಗಳಿಗೆ ಕೀಲುನೋವು. ಬೆಳಿಗ್ಗೆ ಬೆರಳು ಮಡಚುವುದೇ ಕಷ್ಟ. ಎಂಟನೇ ತರಗತಿಯಲ್ಲಿ ಅರ್ಧ ವರ್ಷ ಆಸ್ಪತ್ರೆ ಓಡಾಟದಲ್ಲೇ ಕಳೆಯಿತು. ಎಂಟು ಗಂಟೆಯ ಶಾಲೆ ಇನ್ನು ಆಗದು ಅನ್ನಿಸಿದಾಗ ಅವಳನ್ನು ಎನ್‌ಐಓಎಸ್‌ಗೆ, ಅಂದರೆ ದಿನಾ ತರಗತಿಗೆ ಹೋಗದೆ ಓದಿ ಪರೀಕ್ಷೆ ಬರೆಯುವ, ಎಲ್ಲರೂ ಓಪನ್ ಸ್ಕೂಲ್ ಅನ್ನುವ ಕಡೆಗೆ ಸೇರಿಸಿದೆವು. ಪಾಠಕ್ಕೆ ಮೈಸೂರಿನಲ್ಲೇ ಒಂದು ಒನ್-ಟು-ಒನ್ ಕೇಂದ್ರ ಸಿಕ್ಕಿತು. ಒಬ್ಬ ವಿದ್ಯಾರ್ಥಿ, ಒಬ್ಬ ಶಿಕ್ಷಕರು, ಮಧ್ಯಾಹ್ನದ ಹೊತ್ತು. ಎರಡು ವರ್ಷದ ಅನುಭವ ಇಲ್ಲಿ ಬರೆಯುತ್ತಿದ್ದೇನೆ. ಮುಖ್ಯವಾಗಿ ದಿನದ ಪ್ರಗತಿಯನ್ನು ಅವರು ನಮಗೆ ಹೇಗೆ ತಿಳಿಸುತ್ತಾರೆ ಅನ್ನುವುದರ ಬಗ್ಗೆ. ಇಂಥ ಶಾಲೆಗೆ ಕೊಡುವ ದುಡ್ಡಿನ ಬೆಲೆ ಇರುವುದು ಅಲ್ಲೇ.

ಶುರುವಿನಲ್ಲಿ ಕೇಂದ್ರದವರ ಆ್ಯಪ್ ಇತ್ತು. ಸಂಜೆ ಆದರೆ ಫೋನಿಗೆ ಐದು ಹಸಿರು ಚುಕ್ಕೆ ಬರುತ್ತಿದ್ದವು. ಗಣಿತ 80%, ವಿಜ್ಞಾನ 75%, ಹೀಗೆ. ಯಾವುದರ ಶೇಕಡಾ 80? ಪಾಠ ಎಷ್ಟು ಮುಗಿಯಿತು ಅನ್ನುವುದೋ, ಅವಳಿಗೆ ಎಷ್ಟು ಬಂತು ಅನ್ನುವುದೋ? ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳಿದರು. ತಿಂಗಳುಗಟ್ಟಲೆ ಎಲ್ಲವೂ ಹಸಿರು. ಮಗಳು ಮಾತ್ರ ವಿಜ್ಞಾನದ ಪುಸ್ತಕ ತೆಗೆದರೆ ಅಳುತ್ತಿದ್ದಳು. ಪೋಷಕರನ್ನು ಸಮಾಧಾನ ಮಾಡಲು ಮಾಡಿದ ಚುಕ್ಕೆಗಳು ಅವು, ಅಷ್ಟೇ.

ಬದಲಾವಣೆ ಬಂದದ್ದು ಕನ್ನಡ ಮೇಷ್ಟ್ರಿಂದ. ಅವರು ಸರ್ಕಾರಿ ಪ್ರಾಥಮಿಕ ಶಾಲೆಯಿಂದ ನಿವೃತ್ತರಾದವರು, ವರ್ಷಗಟ್ಟಲೆ ನಲಿ-ಕಲಿ ಮಾಡಿದವರು. 1995ರಲ್ಲಿ ನಮ್ಮದೇ ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿ ಅದು. ಮಗು ತನ್ನ ವೇಗದಲ್ಲಿ ಕಲಿಕಾ ಏಣಿ ಹತ್ತುತ್ತದೆ. ಯಾವ ಮಗು ಯಾವ ಮೆಟ್ಟಿಲಲ್ಲಿದೆ ಅನ್ನುವುದು ಶಿಕ್ಷಕರಿಗೂ ಗೊತ್ತು, ಮಗುವಿಗೂ ಗೊತ್ತು. ಆ ಅಭ್ಯಾಸ ಇದ್ದ ಮೇಷ್ಟ್ರು ಒಂದು ಉದ್ದ ನೋಟ್‌ಬುಕ್ ತಂದು ಮೇಜಿನ ಮೇಲಿಟ್ಟರು. ದಿನಕ್ಕೆ ಒಂದು ಪುಟ. ಐದೂ ಸಬ್ಜೆಕ್ಟಿನವರು ಅದೇ ಪುಟದಲ್ಲಿ ಎರಡೆರಡು ಸಾಲು ಬರೆಯಬೇಕು: ಇವತ್ತು ಸಹಾಯವಿಲ್ಲದೆ ಏನು ಮಾಡಿದಳು, ಎಲ್ಲಿ ನಿಂತಳು. ಅಂಕ ಬೇಡ, 'ಗುಡ್' ಬೇಡ. ಕೊನೆಯ ಸಾಲು ಮಗಳದ್ದು.

ಒಂದೇ ಪುಟ ಅನ್ನುವುದು ಇಲ್ಲಿ ದೊಡ್ಡ ವಿಷಯ. ಕೆಲವು ವಾರ ಕಳೆದ ಮೇಲೆ ಕೂತು ಓದಿದೆ. ವಿಜ್ಞಾನದ ಸಾಲುಗಳಲ್ಲಿ ಮತ್ತೆ ಮತ್ತೆ ಒಂದೇ ದೂರು: ಚಲನೆಯ ಪಾಠದಲ್ಲಿ ಸೂತ್ರ ಬರುತ್ತದೆ, ಲೆಕ್ಕ ತಪ್ಪುತ್ತದೆ. ಮೊದಲ ವೇಗ, ಕೊನೆಯ ವೇಗ, ಸಮಯ ಕೊಟ್ಟು ವೇಗೋತ್ಕರ್ಷ ಕೇಳಿದರೆ ನಿಂತುಬಿಡುತ್ತಾಳೆ. ಅದೇ ಪುಟದಲ್ಲಿ ಗಣಿತದವರು ಬರೆದಿದ್ದರು: ಸಮೀಕರಣದಲ್ಲಿ ಸಂಖ್ಯೆಯನ್ನು ಆ ಕಡೆ ಒಯ್ಯುವಾಗ ಚಿಹ್ನೆ ಬದಲಿಸುವುದಿಲ್ಲ. ಎರಡೂ ಒಂದೇ ತೊಂದರೆ ಅಲ್ವಾ! ಎಂಟನೇ ತರಗತಿಯಲ್ಲಿ ಅವಳು ಆಸ್ಪತ್ರೆಯಲ್ಲಿದ್ದಾಗ ಮುಗಿದುಹೋದ ಪಾಠ ಅದು. ವಿಜ್ಞಾನದ ಟೀಚರು ವಾರಗಟ್ಟಲೆ ಚಲನೆಯನ್ನೇ ತಿರುಗಿ ತಿರುಗಿ ಹೇಳಿಕೊಟ್ಟಿದ್ದರು ಪಾಪ. ಬೇಕಾಗಿದ್ದದ್ದು ಸರಳ ಸಮೀಕರಣ. ಗಣಿತದವರು ಎಲ್ಲವನ್ನೂ ಬಿಟ್ಟು ಅದನ್ನೇ ಹಿಡಿದರು. ಆ ತಿಂಗಳು ಪಠ್ಯಕ್ರಮ ಒಂದಿಂಚೂ ಮುಂದೆ ಹೋಗಲಿಲ್ಲ. ಆದರೆ ಭೌತಶಾಸ್ತ್ರದ ಲೆಕ್ಕ ತಾನಾಗಿಯೇ ಬಿಡಿಸಿಕೊಂಡಿತು. ನಲವತ್ತು ಮಕ್ಕಳ ತರಗತಿಯಲ್ಲಿ ಯಾವ ಟೀಚರಿಗೆ ಹೀಗೆ ನಿಲ್ಲುವುದಕ್ಕೆ ಪುರುಸೊತ್ತು ಇರುತ್ತದೆ?

ಸಮಾಜ ವಿಜ್ಞಾನದ್ದು ಬೇರೆ ಕಥೆ. ಪಠ್ಯ ಇಂಗ್ಲಿಷಿನಲ್ಲಿ. 1857ರ ದಂಗೆಯ ಪಾಠ ಓದಿದಳು, ಪ್ರಶ್ನೆಗೆ ಉತ್ತರ ಇಲ್ಲ. ಕನ್ನಡ ಮೇಷ್ಟ್ರು ಪುಟ ನೋಡಿ, ಅದೇ ವರ್ಷ ನಿಶ್ಶಸ್ತ್ರೀಕರಣ ಕಾಯ್ದೆಯನ್ನು ವಿರೋಧಿಸಿ ಎದ್ದ ಹಲಗಲಿಯ ಬೇಡರ ಕಥೆ ಹೇಳಿದರು. ಮಾರನೆಯ ದಿನ ಅವಳು ಕಾರಣಗಳನ್ನೆಲ್ಲ ಕನ್ನಡದಲ್ಲಿ ಸರಾಗವಾಗಿ ಹೇಳಿದಳು. ಅಂದರೆ ಇತಿಹಾಸ ಬರುತ್ತದೆ, ಉದ್ದ ಇಂಗ್ಲಿಷ್ ವಾಕ್ಯ ಬರುವುದಿಲ್ಲ. ಆಮೇಲೆ ಇಂಗ್ಲಿಷ್ ಟೀಚರು ತಮ್ಮ ಓದಿನ ಅಭ್ಯಾಸಕ್ಕೆ ಸಮಾಜದ ಪುಸ್ತಕವನ್ನೇ ತೆಗೆದುಕೊಂಡರು.

ಐದೂ ಸಬ್ಜೆಕ್ಟ್ ಸಮನಾಗಿ ಮುಂದೆ ಹೋಗುವುದಿಲ್ಲ. ಇದನ್ನು ಒಪ್ಪಿಕೊಳ್ಳುವುದು ಪೋಷಕರಿಗೆ ಕಷ್ಟ. ಕನ್ನಡದಲ್ಲಿ ಸಂಧಿ, ಸಮಾಸ ಎಲ್ಲ ಬೇಗ ಮುಗಿಸಿದಳು, ಗಣಿತ ತಿಂಗಳುಗಟ್ಟಲೆ ಅಲ್ಲೇ ಇತ್ತು. ಇಲ್ಲಿ ಓಪನ್ ಸ್ಕೂಲಿನ ನಿಯಮ ನಮಗೆ ತುಂಬಾ ಸಹಾಯವಾಯಿತು. ಏಪ್ರಿಲ್-ಮೇ, ಅಕ್ಟೋಬರ್-ನವೆಂಬರ್, ವರ್ಷಕ್ಕೆ ಎರಡು ಸಲ ಪರೀಕ್ಷೆ. ಐದು ವರ್ಷದೊಳಗೆ ಒಂಬತ್ತು ಅವಕಾಶ. ಎಲ್ಲ ಸಬ್ಜೆಕ್ಟನ್ನೂ ಒಂದೇ ಸಲ ಬರೆಯಬೇಕಿಲ್ಲ. ತಯಾರಾದದ್ದನ್ನು ಬರೆದರೆ ಆಯಿತು. ನೋಟ್‌ಬುಕ್ ನೋಡಿ ಎರಡು ಭಾಷೆಗಳನ್ನು ಮೊದಲು ಬರೆಸಿದೆವು. ಟಿಎಂಎ ಅನ್ನುವ ಅಸೈನ್‌ಮೆಂಟಿಗೆ ಶೇಕಡಾ 20ರಷ್ಟು ತೂಕ ಇದೆ. ಅದನ್ನು ಕೊನೆ ಗಳಿಗೆಗೆ ಇಡಬೇಡಿ.

ಕೊರತೆಗಳೂ ಇವೆ. ಮೊದಲನೆಯದು ಫೀಸು. ಅವಳ ಹಳೆಯ ಖಾಸಗಿ ಶಾಲೆಯ ಹತ್ತಿರಹತ್ತಿರ ದುಪ್ಪಟ್ಟು. ಓಪನ್ ಸ್ಕೂಲಿನ ಶುಲ್ಕ ಅದರ ಮುಂದೆ ಏನೇನೂ ಅಲ್ಲ, ಖರ್ಚೆಲ್ಲ ಶಿಕ್ಷಕರ ಸಮಯಕ್ಕೆ. ಒಬ್ಬ ಟೀಚರ್ ರಜೆ ಹಾಕಿದರೆ ಆ ಸಬ್ಜೆಕ್ಟ್ ಆ ದಿನ ಇಲ್ಲ. ಗಣಿತದವರು ಮಧ್ಯದಲ್ಲೇ ಕೆಲಸ ಬಿಟ್ಟರು. ಹೊಸಬರು ಬಂದು ಮೊದಲ ದಿನ ನೋಟ್‌ಬುಕ್ ಓದಿದ್ದರಿಂದ ಪಾಠ ಮೊದಲಿಂದ ಶುರುವಾಗಲಿಲ್ಲ. ವಿಜ್ಞಾನದ ಪ್ರಯೋಗಕ್ಕೆ ಓಪನ್ ಸ್ಕೂಲಿನ ಅಧ್ಯಯನ ಕೇಂದ್ರಕ್ಕೇ ಹೋಗಬೇಕು.

ನನ್ನನ್ನು ಜಾಸ್ತಿ ಕಾಡಿದ್ದು ಇನ್ನೊಂದು. ಪಕ್ಕದಲ್ಲಿ ಇನ್ನೊಂದು ಮಗು ಇಲ್ಲ. ಬೇರೆಯವರು ತಪ್ಪು ಉತ್ತರ ಹೇಳುವುದನ್ನು ಕೇಳುವ ಅವಕಾಶವೇ ಇಲ್ಲ. ಪೂರ್ತಿ ಮುಕ್ಕಾಲು ಗಂಟೆ ಟೀಚರ ಕಣ್ಣು ಇವಳ ಮೇಲೇ. "ಇವತ್ತು ಸುಸ್ತಾಯ್ತು, ಸುಮ್ನೆ ಕೂರಬೇಕು" ಅಂತ ಕೊನೆಯ ಸಾಲಿನಲ್ಲಿ ಅವಳೇ ಬರೆಯಲು ಶುರು ಮಾಡಿದಳು. ಅದನ್ನು ನೋಡಿಯೇ ಪಾಠಗಳ ನಡುವೆ ಬಿಡುವು ಕೇಳಿದೆವು, ಶನಿವಾರ ಸಂಜೆ ಬಡಾವಣೆಯ ಗ್ರಂಥಾಲಯಕ್ಕೆ ಹೋಗುವ ಹುಡುಗಿಯರ ಜೊತೆ ಕಳಿಸಿದೆವು. ಅದರಿಂದ ಸ್ವಲ್ಪ ಹಗುರಾಯಿತು, ಪೂರ್ತಿ ಅಲ್ಲ.

ಸೇರಿಸುವ ಯೋಚನೆ ಇರುವವರು ಕಟ್ಟಡ, ಎಸಿ ನೋಡಬೇಡಿ. ಈಗ ಓದುತ್ತಿರುವ ಯಾವುದಾದರೂ ಮಗುವಿನ ಒಂದು ವಾರದ ದಾಖಲೆ ತೋರಿಸಿ ಅಂತ ಕೇಳಿ, ಹೆಸರು ಮುಚ್ಚಿದರೂ ಪರವಾಗಿಲ್ಲ. 'ಎಲ್ಲಿ ನಿಂತಳು' ಅನ್ನುವ ಮಾತು ಅದರಲ್ಲಿ ಇದೆಯೇ ನೋಡಿ. ಅದನ್ನು ಬರೆಯಲು ಶಿಕ್ಷಕರಿಗೆ ಪಾಠದ ಸಮಯದಲ್ಲೇ ಐದು ನಿಮಿಷ ಕೊಡುತ್ತಾರೆಯೇ ಅಂತಲೂ ಕೇಳಿ. ಇಲ್ಲದಿದ್ದರೆ ಎರಡೇ ವಾರದಲ್ಲಿ ಅದೂ 'ಗುಡ್' ಆಗಿಬಿಡುತ್ತದೆ.

ನಾವು ಮುಂದಿನ ವರ್ಷಕ್ಕೂ ಮುಂದುವರಿಸುತ್ತಿದ್ದೇವೆ, ಉಳಿದ ಮೂರು ಸಬ್ಜೆಕ್ಟಿಗೆ ಮಾತ್ರ. ಸಮಾಜ ವಿಜ್ಞಾನ ಈ ಅಕ್ಟೋಬರಿಗೆ, ಗಣಿತ ಮತ್ತು ವಿಜ್ಞಾನ ಏಪ್ರಿಲ್‌ಗೆ. ಆ್ಯಪ್‌ನ ಚುಕ್ಕೆಗಳು ಇನ್ನೂ ಬರುತ್ತವೆ, ಅದರ ಸೂಚನೆ ಆಫ್ ಮಾಡಿಟ್ಟಿದ್ದೇನೆ.