ಬೇರೆ ಬೇರೆ ವಯಸ್ಸಿನ ಮಕ್ಕಳಿಗೆ ಹೋಮ್‌ಸ್ಕೂಲ್ ಪಠ್ಯಕ್ರಮ: ಯಾವುದು ಎಷ್ಟು ಹೊತ್ತು ಬೇಡುತ್ತದೆ

ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸಬೇಕಾದ 6, 9 ಮತ್ತು 13 ವರ್ಷದ ಮೂರು ಮಕ್ಕಳಿದ್ದಾರೆ ಎಂದಿಟ್ಟುಕೊಳ್ಳಿ. ಹೆಚ್ಚಿನವರು ಮಾಡುವ ಮೊದಲ ಕೆಲಸ, ಪ್ರತಿ ಮಗುವಿಗೂ ಅದರ ತರಗತಿಯ ಪುಸ್ತಕಗಳ ಪೂರ್ತಿ ಸೆಟ್ ತರಿಸುವುದು. ಬಿಡಿಬಿಡಿಯಾಗಿ ನೋಡಿದರೆ ಆ ಸೆಟ್‌ಗಳಲ್ಲಿ ದೋಷವೇನಿಲ್ಲ. ಆದರೆ ಕಲಿಸುವವರ ಹೊತ್ತನ್ನು ಲೆಕ್ಕ ಹಾಕಿ ನೋಡಿ: ಗಣಿತ, ಭಾಷೆ, ಇತಿಹಾಸ, ವಿಜ್ಞಾನ ಎಂದು ನಾಲ್ಕು ವಿಷಯ, ಒಂದೊಂದಕ್ಕೆ ಪಕ್ಕದಲ್ಲಿ ಕೂತು 20 ನಿಮಿಷ, ಮೂರು ಮಕ್ಕಳು. ಒಟ್ಟು 240 ನಿಮಿಷ. ದಿನಕ್ಕೆ ನಾಲ್ಕು ತಾಸು ಬಿಡುವಿಲ್ಲದೆ ಪಾಠ ಹೇಳಬೇಕು. ತಿದ್ದುವುದು, ಮರುದಿನದ ತಯಾರಿ ಇನ್ನೂ ಬಾಕಿ. ಇದು ಕೆಲವು ವಾರ ನಡೆದೀತು, ವರ್ಷಪೂರ್ತಿ ನಡೆಯುವುದಿಲ್ಲ.

ಅದಕ್ಕೇ ಈ ವಿಮರ್ಶೆಯಲ್ಲಿ ಪ್ರತಿ ಪಠ್ಯಕ್ರಮಕ್ಕೂ ಕೇಳಿರುವ ಮುಖ್ಯ ಪ್ರಶ್ನೆ ಒಂದೇ: ಕಲಿಸುವವರಿಂದ ಇದು ದಿನಕ್ಕೆ ಎಷ್ಟು ನಿಮಿಷ ಬೇಡುತ್ತದೆ, ಮತ್ತು ಆ ನಿಮಿಷಗಳನ್ನು ಇಬ್ಬರು ಮಕ್ಕಳ ನಡುವೆ ಹಂಚಲು ಬರುತ್ತದೆಯೇ?

ಗಣಿತ, ಓದು, ಬರಹಗಳಲ್ಲಿ ಹಂಚಲು ಬರುವುದಿಲ್ಲ. ಇವು ಮೆಟ್ಟಿಲು ಮೆಟ್ಟಿಲಾಗಿ ಹತ್ತುವ ವಿಷಯಗಳು; ಭಾಗಾಕಾರ ಬಾರದ ಮಗುವನ್ನು ಭಿನ್ನರಾಶಿಯ ಪಾಠಕ್ಕೆ ಕೂರಿಸಿ ಪ್ರಯೋಜನವಿಲ್ಲ. ಇತಿಹಾಸ, ಭೂಗೋಳ, ಚಿತ್ರಕಲೆ, ಸಂಗೀತ, ಮತ್ತು ಸುಮಾರು 12 ವರ್ಷದವರೆಗಿನ ವಿಜ್ಞಾನವನ್ನು ಎಲ್ಲರಿಗೂ ಒಟ್ಟಿಗೆ ಹೇಳಬಹುದು. ಹೀಗೆ ಬೇರ್ಪಡಿಸಿದರೆ ಗಣಿತ ಮತ್ತು ಭಾಷೆಗೆ 2 × 3 × 20 = 120 ನಿಮಿಷ, ಒಟ್ಟಿಗೆ ಹೇಳುವ ಪಾಠಕ್ಕೆ 40 ನಿಮಿಷ, ಸೇರಿ 160. ದೊಡ್ಡ ಮಗು ಗಣಿತವನ್ನು ಬಹುಪಾಲು ತಾನೇ ಓದಿಕೊಳ್ಳುವಂತಿದ್ದರೆ ಇನ್ನೂ ಹತ್ತು ನಿಮಿಷ ಉಳಿಯುತ್ತದೆ. ಮುಂದೆ ಹೇಳುವ ಆಯ್ಕೆಗಳೆಲ್ಲ ಈ ಲೆಕ್ಕದ ಮೇಲೆ ನಿಂತಿವೆ.

ಗಣಿತದಿಂದಲೇ ಶುರು ಮಾಡೋಣ. ತಪ್ಪು ಆಯ್ಕೆಯ ಪೆಟ್ಟು ಹೆಚ್ಚು ಬೀಳುವುದು ಇಲ್ಲೇ.

ಸಿಂಗಪುರದ ‘ಪ್ರೈಮರಿ ಮ್ಯಾಥಮ್ಯಾಟಿಕ್ಸ್’ 1982ರಲ್ಲಿ ಅಲ್ಲಿನ ಶಾಲೆಗಳಿಗಾಗಿ ಬಂದದ್ದು. ಪ್ರತಿ ತರಗತಿಗೆ ಎ ಮತ್ತು ಬಿ ಎಂದು ಎರಡು ಭಾಗ. ಒಂದೊಂದು ಭಾಗಕ್ಕೆ ಪಠ್ಯಪುಸ್ತಕ, ಅಭ್ಯಾಸ ಪುಸ್ತಕ, ಕಲಿಸುವವರ ಕೈಪಿಡಿ. ಮೊದಲು ಕೈಗೆ ಸಿಗುವ ವಸ್ತು, ಆಮೇಲೆ ಚಿತ್ರ, ಕೊನೆಗೆ ಅಂಕಿ, ಇದು ಅದರ ನಡೆ. ಇದರ ಬಲ ಗೊತ್ತಾಗುವುದು ಪಟ್ಟಿ ಎಳೆದು ಬಿಡಿಸುವ ಲೆಕ್ಕಗಳಲ್ಲಿ. ಇಬ್ಬರ ಬಳಿ ಸೇರಿ 84 ಗೋಲಿಗಳಿವೆ, ಒಬ್ಬನ ಬಳಿ ಇನ್ನೊಬ್ಬನ ಮೂರರಷ್ಟು. ಅವನ ಬಳಿ ಎಷ್ಟು ಹೆಚ್ಚಿದೆ? ಮಗು ಒಬ್ಬನಿಗೆ ಒಂದು ಮನೆ, ಇನ್ನೊಬ್ಬನಿಗೆ ಅಷ್ಟೇ ಅಳತೆಯ ಮೂರು ಮನೆ ಎಳೆಯುತ್ತದೆ. ನಾಲ್ಕು ಮನೆಗೆ 84 ಆದರೆ ಒಂದಕ್ಕೆ 21; ಹೆಚ್ಚಿರುವುದು ಎರಡು ಮನೆ, ಅಂದರೆ 42. ಬೀಜಗಣಿತದ ‘ಎಕ್ಸ್’ ಇಲ್ಲದೆ, ಸೂತ್ರ ಬಾಯಿಪಾಠ ಮಾಡದೆ ಮಗು ಲೆಕ್ಕದ ಒಳಗನ್ನು ಕಣ್ಣಾರೆ ನೋಡುತ್ತದೆ. ನಮ್ಮ ದೃಷ್ಟಿಯಲ್ಲಿ 6ರಿಂದ 10ರ ವಯಸ್ಸಿಗೆ ಇದಕ್ಕಿಂತ ಒಳ್ಳೆಯ ಗಣಿತವಿಲ್ಲ.

ಆದರೆ ಪಠ್ಯಪುಸ್ತಕ ತೆಳ್ಳಗಿದೆ, ಚಿತ್ರಗಳಿವೆ, ವಿವರಣೆ ಬಹಳ ಕಡಿಮೆ. ನಿಜವಾದ ಪಾಠ ಇರುವುದು ಕೈಪಿಡಿಯಲ್ಲಿ. ಖರ್ಚು ಉಳಿಸಲು ಕೈಪಿಡಿ ಬಿಟ್ಟು ಉಳಿದೆರಡನ್ನು ಮಾತ್ರ ತರಿಸಿದವರ ಮನೆಯಲ್ಲಿ ಮಗು ಅಭ್ಯಾಸ ಪುಸ್ತಕ ತುಂಬಿಸುತ್ತಾ ಹೋಗುತ್ತದೆ, ವಸ್ತು ಹಿಡಿದು ಮಾಡುವ ಭಾಗ ಪೂರ್ತಿ ಬಿಟ್ಟುಹೋಗುತ್ತದೆ. ಸಮಸ್ಯೆ ಹೊರಬೀಳುವುದು ತಡವಾಗಿ, ಎರಡು ಮೂರು ಹೆಜ್ಜೆಯ ಲೆಕ್ಕಗಳು ಬಂದಾಗ. ಹೊತ್ತಿನ ವಿಷಯಕ್ಕೆ ಬಂದರೆ ದಿನಕ್ಕೆ 20ರಿಂದ 25 ನಿಮಿಷ ಪಕ್ಕದಲ್ಲಿ ಕೂರಲೇಬೇಕು. ಮಗುವಿನ ಕೈಗೆ ಪುಸ್ತಕ ಕೊಟ್ಟು ಎದ್ದು ಹೋಗುವ ಗಣಿತ ಇದಲ್ಲ.

ಅದಕ್ಕೆ ತಕ್ಕದ್ದು ‘ಸ್ಯಾಕ್ಸನ್ ಮ್ಯಾಥ್’. ಹಂತಗಳ ಹೆಸರು 5/4, 6/5, 7/6, 8/7. ಇಲ್ಲಿ ಎಡವುವವರು ಬಹಳ: 5/4 ಅಂದರೆ ಸಾಧಾರಣ ವೇಗದ ಐದನೇ ತರಗತಿಯ ಮಗುವಿಗೆ ಅಥವಾ ಚುರುಕಾದ ನಾಲ್ಕನೇ ತರಗತಿಯ ಮಗುವಿಗೆ ಎಂದರ್ಥ. ಪ್ರತಿ ಪಾಠದಲ್ಲಿ ಹೊಸ ವಿಷಯ ಒಂದು ಚಿಟಿಕೆಯಷ್ಟೇ. ಉಳಿದದ್ದು ಹಿಂದಿನದನ್ನೆಲ್ಲ ಕಲಸಿದ ಸುಮಾರು 30 ಲೆಕ್ಕಗಳು. ಪುಟವನ್ನು ಹತ್ತಿರದಿಂದ ನೋಡಿದರೆ ಪ್ರಶ್ನೆಯ ಕ್ರಮಸಂಖ್ಯೆಯ ಕೆಳಗೆ ಕಂಸದಲ್ಲಿ ಸಣ್ಣದೊಂದು ಅಂಕಿ ಕಾಣುತ್ತದೆ. 14ನೇ ಪ್ರಶ್ನೆಯ ಕೆಳಗೆ (37) ಎಂದಿದ್ದರೆ ಅದನ್ನು ಹೇಳಿಕೊಟ್ಟದ್ದು 37ನೇ ಪಾಠದಲ್ಲಿ. ತಪ್ಪಾದ ಲೆಕ್ಕಕ್ಕೆ ಮಗು ತಾನೇ ಹಿಂದಕ್ಕೆ ತಿರುಗಿ ಓದಿಕೊಳ್ಳಬಹುದು. ಮೂರು ಮಕ್ಕಳ ಮನೆಯಲ್ಲಿ ಈ ಪುಟ್ಟ ಅಂಕಿಯ ಉಪಕಾರ ದೊಡ್ಡದು. ಕಿರಿಯ ಮಗುವಿನ ಓದಿನ ಪಾಠ ನಡೆಯುತ್ತಿರುವಾಗ ಹಿರಿಯ ಮಗು ನಿಮ್ಮನ್ನು ಕೂಗದೆ ಮುಂದೆ ಸಾಗುತ್ತದೆ.

ಕೆಡುವುದು ಎಲ್ಲಿ? 30 ಲೆಕ್ಕ ಹೆಚ್ಚಾಯಿತೆಂದು ಬೆಸ ಸಂಖ್ಯೆಯವನ್ನು ಮಾತ್ರ ಮಾಡಿಸುವಲ್ಲಿ. ಒಂದು ಬಗೆಯ ಲೆಕ್ಕ ಒಂದು ಪಾಠದಲ್ಲಿ ಒಮ್ಮೆಯೋ ಎರಡು ಸಲವೋ ಬಂದು, ಮುಂದಿನ ಹಲವು ಪಾಠಗಳಲ್ಲಿ ಮತ್ತೆ ಮತ್ತೆ ಬರುವಂತೆ ಹೆಣೆದಿದ್ದಾರೆ. ಅರ್ಧ ಬಿಟ್ಟರೆ ಆ ಹೆಣಿಗೆ ಹರಿಯುತ್ತದೆ, ಪರೀಕ್ಷೆಯಲ್ಲಿ ಅಂಕ ಬೀಳುತ್ತದೆ, ಆಗ ಪುಸ್ತಕವೇ ಸರಿಯಿಲ್ಲ ಎಂಬ ಮಾತು ಬರುತ್ತದೆ. ಹೊತ್ತು ಸಾಲದಿದ್ದರೆ ಒಂದು ಪಾಠವನ್ನು ಎರಡು ದಿನಕ್ಕೆ ಹಂಚಿ, ಲೆಕ್ಕಗಳನ್ನು ಕೈಬಿಡಬೇಡಿ. ಪರೀಕ್ಷೆಯನ್ನೂ ಬಿಡಬೇಡಿ. ಮೊದಲನೆಯದು 10ನೇ ಪಾಠದ ನಂತರ, ಆಮೇಲೆ ಐದು ಪಾಠಕ್ಕೊಂದು. ದೊಡ್ಡ ಮಗುವಿನ ಕೆಲಸವನ್ನು ದಿನವೂ ಪಕ್ಕದಲ್ಲಿ ಕೂತು ನೋಡದವರಿಗೆ ಎಡವಟ್ಟು ಗೊತ್ತಾಗುವ ದಾರಿ ಅದೊಂದೇ.

ಇನ್ನೊಂದು ಎಚ್ಚರಿಕೆ. ಮೂರನೇ ತರಗತಿಯವರೆಗಿನ ಸ್ಯಾಕ್ಸನ್‌ಗೂ 5/4ರಿಂದ ಶುರುವಾಗುವ ಸ್ಯಾಕ್ಸನ್‌ಗೂ ಹೆಸರು ಮಾತ್ರ ಒಂದೇ. ಚಿಕ್ಕವರದ್ದರಲ್ಲಿ ಕಲಿಸುವವರು ಹೇಳಬೇಕಾದ ಮಾತುಗಳನ್ನೂ ಬರೆದುಕೊಟ್ಟಿರುತ್ತಾರೆ, ದಿನದ ಹೊತ್ತೆಲ್ಲ ಅದಕ್ಕೇ ಹೋಗುತ್ತದೆ. ಅಣ್ಣನಿಗೆ ತಾನೇ ಓದಿಕೊಳ್ಳಲು ಆಯಿತಲ್ಲ, ತಂಗಿಗೂ ಅದೇ ಇರಲಿ ಎಂದು ತರಿಸಿದರೆ ಲೆಕ್ಕ ತಲೆಕೆಳಗಾಗುತ್ತದೆ.

ಮೂರನೆಯದು ‘ಮ್ಯಾಥ್-ಯು-ಸೀ’. ತರಗತಿಯ ಸಂಖ್ಯೆಯ ಬದಲು ಗ್ರೀಕ್ ಅಕ್ಷರಗಳು: ಆಲ್ಫಾ, ಬೀಟಾದಲ್ಲಿ ಕೂಡುವುದು ಕಳೆಯುವುದು, ಗಾಮಾದಲ್ಲಿ ಗುಣಾಕಾರ, ಡೆಲ್ಟಾದಲ್ಲಿ ಭಾಗಾಕಾರ, ಎಪ್ಸಿಲಾನ್‌ನಲ್ಲಿ ಭಿನ್ನರಾಶಿ, ಝೀಟಾದಲ್ಲಿ ದಶಮಾಂಶ ಮತ್ತು ಶೇಕಡಾ. ಪ್ರತಿ ಹಂತದಲ್ಲಿ 30 ಪಾಠ, ವಾರಕ್ಕೊಂದರಂತೆ ಮುಗಿಯುತ್ತದೆ. ವಿಡಿಯೊದಲ್ಲಿ ಪಾಠ, ಜೊತೆಗೆ ಬಣ್ಣದ ಬ್ಲಾಕುಗಳು: ಬಿಡಿ ಹಸಿರು, ಹತ್ತು ನೀಲಿ, ನೂರು ಕೆಂಪು. 13 × 12 ಎಂದರೆ ಒಂದು ಬದಿ 13, ಇನ್ನೊಂದು ಬದಿ 12 ಇರುವ ಆಯತ ಕಟ್ಟುವುದು. ಒಂದು ಕೆಂಪು ಚೌಕ, ಐದು ನೀಲಿ ಪಟ್ಟಿ, ಆರು ಹಸಿರು ಬಿಡಿ, 156. ಕಾಗದದ ಮೇಲೆ ದಶಕ ಒಯ್ಯುವಾಗ ಗಲಿಬಿಲಿಯಾಗುವ ಮಗುವಿಗೆ, ಕೈಯಾಡಿಸದೆ ತಲೆಗೆ ಹತ್ತದ ಮಗುವಿಗೆ ಇದು ಹೇಳಿ ಮಾಡಿಸಿದ್ದು. ವಾರದ ಕೊನೆಗೆ ಮಗುವೇ ನಿಮಗೆ ಪಾಠ ಹೇಳಬೇಕು. ಹೇಳಲು ಬಂದರೆ ಮಾತ್ರ ಮುಂದಿನದು. ಈ ನಿಯಮವನ್ನು ಸಡಿಲಿಸಬೇಡಿ.

ಇದರ ಕೊರತೆ ಇರುವುದು ಪಾಠದ ಅನುಕ್ರಮದಲ್ಲಿ. ಡೆಲ್ಟಾ ಮುಗಿಸಿದ ಮಗುವಿಗೆ ಭಾಗಾಕಾರ ಗಟ್ಟಿ, ಭಿನ್ನರಾಶಿಯ ಪರಿಚಯ ಅಷ್ಟಕ್ಕಷ್ಟೆ. ಆ ಹೊತ್ತಿನಲ್ಲಿ ಶಾಲೆಗೆ ಸೇರಿಸಿದರೆ ಅಥವಾ ಬೇರೆ ಪಠ್ಯಕ್ರಮಕ್ಕೆ ಬದಲಾಯಿಸಿದರೆ ಮಗು ಹಿಂದೆ ಬಿದ್ದಂತೆ ಕಾಣುತ್ತದೆ. ಇದನ್ನು ಹಿಡಿದರೆ ಝೀಟಾವರೆಗೂ ಹಿಡಿಯಬೇಕು. ಒಂದೆರಡು ವರ್ಷದಲ್ಲಿ ಮಕ್ಕಳು ಶಾಲೆಗೆ ಮರಳುವ ಸಾಧ್ಯತೆ ಇದ್ದರೆ ನಾವು ಇದನ್ನು ಸೂಚಿಸುವುದಿಲ್ಲ.

ಮೂರೂ ಮಕ್ಕಳಿಗೆ ಮೂರು ಬಗೆಯ ಗಣಿತ ಬೇಡ. ಪಾಠ ಹೇಳುವವರು ಮೂರು ಪದ್ಧತಿಗಳನ್ನು ತಲೆಯಲ್ಲಿಟ್ಟುಕೊಂಡು ಓಡಾಡಬೇಕಾಗುತ್ತದೆ. 10 ವರ್ಷದವರೆಗೆ ಪ್ರೈಮರಿ ಮ್ಯಾಥಮ್ಯಾಟಿಕ್ಸ್, ಓದು ಸರಾಗವಾದ ಮೇಲೆ ಸ್ಯಾಕ್ಸನ್. ನಮ್ಮ ಮೊದಲ ಆಯ್ಕೆ ಇದು. ಯಾವುದನ್ನೇ ಕೊಳ್ಳುವ ಮುಂಚೆ ಹಂತ ಗುರುತಿಸುವ ಪರೀಕ್ಷೆ ಮಾಡಿಸಿ. ಮೂರಕ್ಕೂ ಉಚಿತವಾಗಿ ಸಿಗುತ್ತವೆ. ನೀವು ಅಂದುಕೊಂಡ ಹಂತಕ್ಕಿಂತ ಒಂದು ಕೆಳಗಿನದರಿಂದ ಶುರು ಮಾಡಿ, ಗಡಿಯಾರ ಇಡದೆ, ನೆರವು ನೀಡದೆ ಬರೆಸಿ. ಶೇಕಡಾ 80ಕ್ಕಿಂತ ಕಡಿಮೆ ಬಂದಲ್ಲಿ ನಿಲ್ಲಿ, ಮಗು ಕೂರಬೇಕಾದ ಹಂತ ಅದೇ. 9 ವರ್ಷದ ಮಗು ಎರಡನೇ ತರಗತಿಯ ಪುಸ್ತಕ ಹಿಡಿದರೆ ಅವಮಾನವೇನಲ್ಲ. ಮುಖಪುಟದ ಅಂಕಿ ಮಗುವಿಗೆ ಮುಜುಗರ ತಂದರೆ ಹೊದಿಕೆ ಹಾಕಿ.

ಈ ಪುಸ್ತಕಗಳಲ್ಲಿ, ಸ್ಯಾಕ್ಸನ್‌ನಲ್ಲಂತೂ ಹೆಚ್ಚಾಗಿ, ಅಮೆರಿಕದ ನಾಣ್ಯ, ಅಡಿ, ಅಂಗುಲ, ಪೌಂಡ್ ಬರುತ್ತವೆ. ಬೇರೆ ದೇಶದವರು ಆ ಲೆಕ್ಕಗಳನ್ನು ತಮ್ಮ ನಾಣ್ಯಕ್ಕೂ ಮೀಟರು, ಕಿಲೊಗೂ ಬದಲಿಸಿ ಕೊಡಬೇಕು, ಇಲ್ಲವೇ ಬಿಡಬೇಕು.

ಖಾನ್ ಅಕಾಡೆಮಿ ಎಂಬ ಕಲಿಕೆಯ ಜಾಲತಾಣ ಉಚಿತ, 2008ರಿಂದ ಇದೆ, ಅಭ್ಯಾಸಕ್ಕೆ ಚೆನ್ನಾಗಿದೆ. ಒಂದೊಂದು ಕೌಶಲಕ್ಕೂ 50, 80, 100 ಎಂದು ಅಂಕ ಏರುತ್ತದೆ. 100 ಸಿಗುವುದು ಬೇರೆ ಕೌಶಲಗಳೊಂದಿಗೆ ಬೆರೆಸಿದ ಪರೀಕ್ಷೆಯಲ್ಲೂ ಸರಿ ಮಾಡಿದಾಗ. ಹಾಗಾಗಿ 80ಕ್ಕೆ ಕಲಿಕೆ ಮುಗಿಯಿತು ಎಂದುಕೊಳ್ಳಬೇಡಿ. ಅದು ನೋಡುವುದು ಉತ್ತರವನ್ನು, ಬಿಡಿಸಿದ ಹೆಜ್ಜೆಗಳನ್ನಲ್ಲ. ಪಕ್ಕದಲ್ಲಿ ನೋಟ್‌ಬುಕ್ ಇಟ್ಟು ಪ್ರತಿ ಹೆಜ್ಜೆ ಬರೆಸದಿದ್ದರೆ ಮಗು ಊಹಿಸಿ ಒತ್ತುವುದನ್ನು ಕಲಿಯುತ್ತದೆ. ಇದನ್ನೇ ಪೂರ್ತಿ ಗಣಿತವೆಂದು ನೆಚ್ಚಿಕೊಳ್ಳುವುದು 9 ವರ್ಷದವರಿಗೆ ಬೇಡ. 13ರವರಿಗೆ ಸ್ಯಾಕ್ಸನ್ ಜೊತೆಗೆ ಇರಲಿ.

ಇತಿಹಾಸಕ್ಕೆ ‘ಸ್ಟೋರಿ ಆಫ್ ದ ವರ್ಲ್ಡ್’. ನಾಲ್ಕು ಸಂಪುಟ: ಪ್ರಾಚೀನ ಕಾಲ, ಮಧ್ಯಯುಗ, ಆಧುನಿಕ ಯುಗದ ಆರಂಭ, ಆಧುನಿಕ ಕಾಲ. ಒಂದೊಂದರಲ್ಲಿ 42 ಅಧ್ಯಾಯ. 36 ವಾರದ ವರ್ಷದಲ್ಲಿ ವಾರಕ್ಕೊಂದು ಓದಿ, ಆರು ವಾರ ಮಾತ್ರ ಎರಡೆರಡು ಓದಿದರೆ ಮುಗಿಯುತ್ತದೆ. ನೀವು ಗಟ್ಟಿಯಾಗಿ ಓದುವುದು ಒಂದೇ ಸಲ, ಕೆಲಸ ಮಾತ್ರ ವಯಸ್ಸಿಗೆ ತಕ್ಕಂತೆ. 6ರ ಮಗು ಕೇಳಿದ್ದರಲ್ಲಿ ನೆನಪಿದ್ದದ್ದನ್ನು ಎರಡು ವಾಕ್ಯದಲ್ಲಿ ಹೇಳಲಿ, ಚಿತ್ರ ಬರೆಯಲಿ. 9ರ ಮಗು ಐದಾರು ವಾಕ್ಯ ತಾನೇ ಬರೆಯಲಿ, ನಕ್ಷೆಯಲ್ಲಿ ಜಾಗ ಗುರುತಿಸಲಿ. ಪುಸ್ತಕ ಇಂಗ್ಲಿಷಿನಲ್ಲಿದ್ದರೂ ಮಗು ಕನ್ನಡದಲ್ಲಿ ಹೇಳಿದರೆ ಆಗುತ್ತದೆ. ಇಲ್ಲಿ ಅಳೆಯುತ್ತಿರುವುದು ಅರ್ಥವಾಗಿದೆಯೇ ಎಂಬುದನ್ನು. 13ರ ಮಗುವಿಗೆ ಇಷ್ಟು ಸಾಲದು. ಅದೇ ಕಾಲಘಟ್ಟದ ಒಂದು ವಿಶ್ವಕೋಶದ ಲೇಖನ ಓದಿ, ಮುಖ್ಯಾಂಶ ಬರೆದು, ಕಾಲಪಟ್ಟಿಗೆ ಇಸವಿ ಸೇರಿಸಬೇಕು.

ಎರಡು ದೋಷ ಹೇಳಲೇಬೇಕು. ಕಥೆಯ ಧಾಟಿಯಲ್ಲಿ ಬರೆದಿರುವುದರಿಂದ ದಂತಕಥೆ ಮತ್ತು ದಾಖಲೆ ಅಕ್ಕಪಕ್ಕ ಕೂತುಬಿಡುತ್ತವೆ. ಯಾವುದು ಯಾವುದೆಂದು ನೀವೇ ಬಿಡಿಸಿ ಹೇಳಬೇಕು. ಯುರೋಪಿನ ತೂಕ ಹೆಚ್ಚು, ಏಷ್ಯಾ ಆಫ್ರಿಕಾಗಳಿಗೆ ಪೂರಕ ಓದು ಬೇಕೇ ಬೇಕು. ನಾಲ್ಕನೇ ಸಂಪುಟದಲ್ಲಿ ಯುದ್ಧ, ಹತ್ಯೆಗಳು ತುಂಬಿವೆ. ಅದನ್ನು 6 ವರ್ಷದ ಮಗುವಿನ ಎದುರು ಓದಬೇಡಿ. ಮನೆ ಆ ಸಂಪುಟಕ್ಕೆ ಬಂದಿದ್ದು ಕಿರಿಯ ಮಗು ಆಗಷ್ಟೇ ಸೇರುತ್ತಿದ್ದರೆ, ದೊಡ್ಡ ಮಕ್ಕಳು ಅದನ್ನು ತಾವೇ ಓದಿಕೊಳ್ಳಲಿ, ಚಿಕ್ಕದಕ್ಕೆ ಮೊದಲ ಸಂಪುಟದ ಅಧ್ಯಾಯ ಓದಿ. ಎರಡನೇ ಅಥವಾ ಮೂರನೇ ಸಂಪುಟದ ನಡುವೆ ಸೇರಿದರೆ ತೊಂದರೆಯಿಲ್ಲ. ಗಣಿತದ ಹಾಗೆ ಇಲ್ಲಿ ಹಿಂದಿನದು ಬಾರದೆ ಮುಂದಿನದು ನಿಲ್ಲುವುದಿಲ್ಲ.

ಕಾಸು ಖರ್ಚಿಲ್ಲದೆ ಬೇಕೆನ್ನುವವರಿಗೆ ಕೋರ್ ನಾಲೆಡ್ಜ್ ಫೌಂಡೇಶನ್ನಿನ ಪಿಡಿಎಫ್‌ಗಳಿವೆ. ಇಂಗ್ಲಿಷ್ ಭಾಷೆ, ಇತಿಹಾಸ-ಭೂಗೋಳ, ವಿಜ್ಞಾನ ಮೂರೂ ಇಳಿಸಿಕೊಳ್ಳಲು ಮುಕ್ತ. ಭಾಷೆಯ ಪಠ್ಯಕ್ರಮವನ್ನು ಚಿಕ್ಕ ತರಗತಿಗಳಲ್ಲಿ ಎರಡು ಎಳೆಯಾಗಿ ಬಿಡಿಸಿದ್ದಾರೆ: ಅಕ್ಷರ ಕೂಡಿಸಿ ಓದುವ ಕೌಶಲ ಒಂದು, ಗಟ್ಟಿಯಾಗಿ ಓದಿ ಹೇಳುವ ಜ್ಞಾನದ ಪಾಠ ಇನ್ನೊಂದು. ಹಲವು ವಯಸ್ಸಿನ ಮನೆಗೆ ಇದು ವರ. ಕೌಶಲದ ಎಳೆಯನ್ನು ಒಂದೊಂದೇ ಮಗುವಿಗೆ ದಿನಕ್ಕೆ 15 ನಿಮಿಷ ಹೇಳಿ, ಜ್ಞಾನದ ಎಳೆಯನ್ನು ಚಿಕ್ಕವರಿಬ್ಬರಿಗೂ ಸೇರಿಸಿ ಓದಿ. ಆದರೆ ಇವು ತುಂಬಿದ ತರಗತಿಗೆ ಬರೆದ ಕೈಪಿಡಿಗಳು. ಗುಂಪು ಚರ್ಚೆ, ಜೋಡಿ ಚಟುವಟಿಕೆ ಎಲ್ಲವನ್ನೂ ಮಾಡಿಸಹೊರಟರೆ ಹೊತ್ತು ಮುಗಿಯುವುದೇ ಇಲ್ಲ, ಧೈರ್ಯವಾಗಿ ಕತ್ತರಿಸಿ. ಕೈಪಿಡಿಯನ್ನು ಪರದೆಯ ಮೇಲೆ ನೋಡಿ, ಮಗು ಬರೆಯುವ ಹಾಳೆಗಳನ್ನು ಮಾತ್ರ ಮುದ್ರಿಸಿ, ಇಲ್ಲವಾದರೆ ಉಚಿತವಾದದ್ದೇ ದುಬಾರಿಯಾಗುತ್ತದೆ. ವಿಜ್ಞಾನಕ್ಕೂ ಇದೇ ಸಾಕು. 13ರ ಮಗುವಿನ ಭೌತ, ರಸಾಯನ ಮಾತ್ರ ಬೇರೆಯಾಗಲಿ, ಅವಕ್ಕೆ ಗಣಿತದ ಬಲ ಬೇಕು. ಆ ವಯಸ್ಸಿನ ಮಗು ಮುಂದೆ ಯಾವ ಮಂಡಳಿಯ ಪರೀಕ್ಷೆಗೆ ಕೂರುತ್ತದೆ ಎಂಬುದು ನಿಶ್ಚಯವಾಗಿದ್ದರೆ ಇಲ್ಲಿನ ಸಲಹೆಗಳೆಲ್ಲ ಆ ಪಠ್ಯವಸ್ತುವಿನ ನಂತರ.

ಕೊಳ್ಳುವಾಗ ಮುದ್ರಣ ನೋಡಿ. ಪ್ರೈಮರಿ ಮ್ಯಾಥಮ್ಯಾಟಿಕ್ಸ್‌ನಲ್ಲಿ ಹಲವು ಆವೃತ್ತಿಗಳಿವೆ. ಒಂದರ ಕೈಪಿಡಿಗೂ ಇನ್ನೊಂದರ ಪಠ್ಯಕ್ಕೂ ಪುಟ ತಾಳೆಯಾಗುವುದಿಲ್ಲ. ಹಳೆಯ ಪುಸ್ತಕ ಅಗ್ಗಕ್ಕೆ ಸಿಕ್ಕಿತೆಂದು ಬೇರೆ ಬೇರೆ ಕಡೆಯಿಂದ ಕೂಡಿಸುವವರು ಮೂರೂ ಒಂದೇ ಆವೃತ್ತಿಯವೇ ಎಂದು ಖಚಿತಪಡಿಸಿಕೊಳ್ಳಬೇಕು. ಸ್ಯಾಕ್ಸನ್‌ನಲ್ಲಿ ಮನೆಪಾಠದ ಆವೃತ್ತಿ ಬೇರೆ, ಶಾಲೆಯದು ಬೇರೆ. ಮನೆಪಾಠದ್ದರಲ್ಲಿ ಲೆಕ್ಕ ಬಿಡಿಸಿ ತೋರಿಸುವ ಪುಸ್ತಕವೂ ಇರುತ್ತದೆ, ತಿದ್ದುವ ಕೆಲಸ ಅದರಿಂದ ಅರ್ಧಕ್ಕರ್ಧ ಇಳಿಯುತ್ತದೆ. ಕಿರಿಯರಿಗೆ ದಾಟಿಸುವ ಲೆಕ್ಕವನ್ನೂ ಮೊದಲೇ ಮಾಡಿ: ಸ್ಯಾಕ್ಸನ್ 5/4ರಿಂದ ಮೇಲಿನ ಪಠ್ಯಪುಸ್ತಕದಲ್ಲಿ ಬರೆಯುವುದಿಲ್ಲ, ಹಾಗೇ ತಮ್ಮನಿಗೆ ಹೋಗುತ್ತದೆ. ಮ್ಯಾಥ್-ಯು-ಸೀ ಬ್ಲಾಕುಗಳು ಮತ್ತು ಕೈಪಿಡಿ ಮೂವರಿಗೂ ಬರುತ್ತವೆ, ಅಭ್ಯಾಸ ಪುಸ್ತಕ ಮಾತ್ರ ಒಬ್ಬೊಬ್ಬರಿಗೆ ಒಂದೊಂದು. ಪ್ರೈಮರಿ ಮ್ಯಾಥಮ್ಯಾಟಿಕ್ಸ್‌ನಲ್ಲೂ ಹಾಗೇ, ಪಠ್ಯ ಮತ್ತು ಕೈಪಿಡಿ ಉಳಿಯುತ್ತವೆ, ಎ ಮತ್ತು ಬಿ ಅಭ್ಯಾಸ ಪುಸ್ತಕಗಳು ಪ್ರತಿ ಮಗುವಿಗೂ ಹೊಸದು ಬೇಕು. ಎ ಭಾಗ ಮುಕ್ಕಾಲು ಮುಗಿಯುವವರೆಗೆ ಬಿ ತರಿಸಬೇಡಿ. ಹಂತ ಬದಲಾಯಿಸಬೇಕೋ ಬೇಡವೋ ಎಂಬುದು ಅಷ್ಟರಲ್ಲಿ ಗೊತ್ತಾಗಿರುತ್ತದೆ.