ಗಿಟ್‌ನಲ್ಲಿ ಫೈಲುಗಳ ಪಟ್ಟಿ: ಯಾವ ಕಮಾಂಡ್ ಏನು ಹೇಳುತ್ತದೆ, ಏನು ಮುಚ್ಚಿಡುತ್ತದೆ

ಫೈಲುಗಳ ಬದಲಾವಣೆಗಳನ್ನು ದಾಖಲಿಸಿಡುವ ತಂತ್ರಾಂಶ ಗಿಟ್; ಅದು ಹಾಗೆ ಕಾಯುವ ಪ್ರಾಜೆಕ್ಟಿಗೆ ರೆಪೊಸಿಟರಿ ಎಂದು ಹೆಸರು. ಒಂದು ರೆಪೊಸಿಟರಿಯಲ್ಲಿ ಯಾವ ಫೈಲುಗಳು ಗಿಟ್‌ನ ಲೆಕ್ಕದಲ್ಲಿವೆ, ಯಾವುವು ಹೊರಗುಳಿದಿವೆ? ಪ್ರಶ್ನೆ ಸರಳ. ಆದರೆ ಉತ್ತರ ಕೊಡುವ ಕಮಾಂಡುಗಳು ಗಿಟ್‌ನಲ್ಲಿ ಕಡಿಮೆಯೆಂದರೂ ಐದು ಇವೆ, ಒಂದರ ಪಟ್ಟಿ ಇನ್ನೊಂದಕ್ಕೆ ತಾಳೆಯಾಗುವುದಿಲ್ಲ. ಒಂದು ಕಮಾಂಡ್ ಡಿಸ್ಕಿನಲ್ಲಿರುವ ಕೆಲಸದ ಫೋಲ್ಡರನ್ನು ನೋಡುತ್ತದೆ, ಇನ್ನೊಂದು ಗಿಟ್ ತನ್ನ ಲೆಕ್ಕದ ಫೈಲುಗಳನ್ನು ಬರೆದಿಟ್ಟುಕೊಳ್ಳುವ ‘ಇಂಡೆಕ್ಸ್’ ಎಂಬ ಫೈಲನ್ನು ಓದುತ್ತದೆ, ಮತ್ತೊಂದು ಆಗಲೇ ಮುಗಿದುಹೋದ ಕಮಿಟನ್ನು, ಅಂದರೆ ಗಿಟ್‌ನಲ್ಲಿ ದಾಖಲಾದ ಒಂದು ಸ್ಥಿತಿಯನ್ನು, ತೆರೆಯುತ್ತದೆ. ಯಾರು ಎಲ್ಲಿ ನೋಡುತ್ತಾರೆಂದು ತಿಳಿದರೆ ಅರ್ಧ ಗೊಂದಲ ಅಲ್ಲಿಗೇ ಮುಗಿಯುತ್ತದೆ.

ನಾನು ಇವನ್ನು ಮೂರು ಕಡೆ ಓಡಿಸಿ ನೋಡಿದೆ. ಒಂದು, ಹೊರಗಿನಿಂದ ತಂದ ಕೋಡ್ ತುಂಬಿದ ‘ನೋಡ್-ಮಾಡ್ಯೂಲ್ಸ್’ ಫೋಲ್ಡರ್ ಊದಿಕೊಂಡು ಕುಳಿತಿರುವ ಮಾಮೂಲಿ ವೆಬ್ ಪ್ರಾಜೆಕ್ಟ್. ಎರಡು, ಹಳೆಯ ಪದ್ಯಗಳನ್ನು ಬೆರಳಚ್ಚು ಮಾಡಿಟ್ಟುಕೊಂಡಿರುವ ನನ್ನದೇ ರೆಪೊಸಿಟರಿ. ಇದರಲ್ಲಿ ಫೈಲುಗಳ ಹೆಸರೂ ಕನ್ನಡದಲ್ಲೇ ಇವೆ. ಮೂರು, ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್. ಲೀನಸ್ ಟೋರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಗಿಟ್ ಬರೆಯಲು ಕುಳಿತದ್ದೇ ಈ ಕರ್ನಲ್ಲಿಗಾಗಿ, ಹಾಗಾಗಿ ಪರೀಕ್ಷೆಗೆ ಇದಕ್ಕಿಂತ ಹಕ್ಕಿನ ಅಭ್ಯರ್ಥಿ ಇಲ್ಲ.

ಎಲ್ಲರ ಕೈಯೂ ಮೊದಲು ಹೋಗುವುದು ‘ಗಿಟ್ ಸ್ಟೇಟಸ್’ ಕಡೆಗೆ. ಕಣ್ಣಿನಿಂದ ಓದುವುದಕ್ಕೆ ಅದೇ ಸರಿ. ಪಟ್ಟಿ ಬೇಕು ಎಂದಾಗ ಮಾತ್ರ ಅದರ ಮಿತಿಗಳು ಕಾಣುತ್ತವೆ. ಟ್ರ್ಯಾಕ್ ಆಗಿದ್ದು, ಅಂದರೆ ಗಿಟ್‌ನ ಲೆಕ್ಕಕ್ಕೆ ಸೇರಿದ್ದು, ಏನೂ ಬದಲಾಗದ ಫೈಲುಗಳನ್ನು ಅದು ಹೇಳುವುದೇ ಇಲ್ಲ. ಟ್ರ್ಯಾಕ್ ಆಗದವುಗಳ ವಿಷಯದಲ್ಲೂ ಜಿಪುಣತನ ಮಾಡುತ್ತದೆ: ಇಡೀ ಫೋಲ್ಡರ್ ಹೊಸದಾಗಿದ್ದರೆ ಫೋಲ್ಡರಿನ ಹೆಸರು ಮತ್ತು ಕೊನೆಗೊಂದು ಓರೆಗೆರೆ, ಅಷ್ಟೇ. ಒಳಗೆ ಎರಡು ಫೈಲುಗಳಿವೆಯೋ ಇನ್ನೂರಿವೆಯೋ ಗೊತ್ತಾಗುವುದಿಲ್ಲ. ಒಂದೊಂದನ್ನೂ ಬಿಡಿಸಿ ಹೇಳಬೇಕೆಂದರೆ ‘--ಅನ್‌ಟ್ರ್ಯಾಕ್ಡ್-ಫೈಲ್ಸ್=ಆಲ್’ ಎಂದು ಸೇರಿಸಬೇಕು. ಇದೇ ಆಯ್ಕೆಗೆ ‘ನೋ’ ಎಂಬ ಬೆಲೆಯೂ ಇದೆ, ಅದನ್ನು ಯಾರಾದರೂ ಕಾನ್ಫಿಗ್‌ನಲ್ಲಿ ಬರೆದಿಟ್ಟಿದ್ದರೆ ಹೊಸ ಫೈಲುಗಳು ಎದುರಿಗೇ ಬಿದ್ದಿದ್ದರೂ ಸ್ಟೇಟಸ್ ಕಮಿಟ್ ಮಾಡುವಂಥದ್ದು ಏನೂ ಇಲ್ಲ ಎಂದುಬಿಡುತ್ತದೆ. ಬೇರೆಯವರ ಯಂತ್ರದಲ್ಲಿ ಕುಳಿತಾಗ ಇದನ್ನು ಮೊದಲು ಪರೀಕ್ಷಿಸುವುದು ಒಳ್ಳೆಯದು.

ಸ್ಕ್ರಿಪ್ಟ್ ಬರೆಯುವವರಿಗಾಗಿ ಸ್ಟೇಟಸ್‌ನಲ್ಲೇ ‘--ಪೋರ್ಸೆಲಿನ್’ ಎಂಬ ರೂಪವಿದೆ. ನೋಡಲು ‘--ಶಾರ್ಟ್’ನಂತೆಯೇ ಇರುತ್ತದೆ: ಎಡಕ್ಕೆ ಎರಡು ಅಕ್ಷರಗಳ ಕಂಬ, ಟ್ರ್ಯಾಕ್ ಆಗದವಕ್ಕೆ ಎರಡು ಪ್ರಶ್ನಾರ್ಥಕ ಚಿಹ್ನೆ, ‘--ಇಗ್ನೋರ್ಡ್’ ಸೇರಿಸಿದರೆ ಕಡೆಗಣಿಸಿದವಕ್ಕೆ ಎರಡು ಆಶ್ಚರ್ಯಸೂಚಕ. ಆದರೆ ‘ಶಾರ್ಟ್’ ನಿಮ್ಮ ಬಣ್ಣದ ಸೆಟ್ಟಿಂಗಿಗೂ ನೀವು ನಿಂತ ಫೋಲ್ಡರಿಗೂ ತಕ್ಕಂತೆ ವೇಷ ಬದಲಿಸುತ್ತದೆ. ‘ಪೋರ್ಸೆಲಿನ್’ ಬದಲಿಸುವುದಿಲ್ಲ, ಹಾದಿಯನ್ನು ಯಾವಾಗಲೂ ರೆಪೊಸಿಟರಿಯ ಬುಡದಿಂದಲೇ ಕೊಡುತ್ತದೆ. ಸ್ಟೇಟಸ್‌ನ ಸಾದಾ ಔಟ್‌ಪುಟ್ಟನ್ನು ಸಾಲು ಹುಡುಕುವ ‘ಗ್ರೆಪ್’ಗೆ ಹಾಯಿಸಿ ಹೆಸರುಗಳನ್ನು ಹೆಕ್ಕುವ ಸ್ಕ್ರಿಪ್ಟುಗಳು ಇಂದಿಗೂ ಕಚೇರಿಗಳಲ್ಲಿ ಓಡುತ್ತಿವೆ. ಅವನ್ನು ಕಂಡಾಗಲೆಲ್ಲ ನನಗೆ ಮೈ ಉರಿಯುತ್ತದೆ.

ನನ್ನ ಒಲವು ‘ಗಿಟ್ ಎಲ್‌ಎಸ್-ಫೈಲ್ಸ್’ ಕಡೆಗೆ. ಏನೂ ಸೇರಿಸದೆ ಓಡಿಸಿದರೆ ಇಂಡೆಕ್ಸಿನಲ್ಲಿರುವ ಹೆಸರುಗಳನ್ನು ಸಾಲಿಗೊಂದರಂತೆ ಸುರಿಯುತ್ತದೆ. ಕರ್ನಲ್ಲಿನಲ್ಲಿ ಈ ಪಟ್ಟಿ 80,000 ದಾಟುತ್ತದೆ, ಆದರೂ ಎಂಟರ್ ಒತ್ತಿದ ತಕ್ಷಣ ಮುಗಿದಿರುತ್ತದೆ, ಏಕೆಂದರೆ ಅದು ಡಿಸ್ಕಿನಲ್ಲಿ ಅಲೆಯುವುದಿಲ್ಲ, ಒಂದೇ ಒಂದು ಫೈಲನ್ನು ಓದುತ್ತದೆ. ಸ್ಟೇಟಸ್ ಹಾಗಲ್ಲ, ಒಂದೊಂದು ಫೈಲಿನ ಬಾಗಿಲನ್ನೂ ತಟ್ಟಿ ಬದಲಾಗಿದೆಯೇ ಎಂದು ಕೇಳಬೇಕು, ಜೊತೆಗೆ ಹೊಸಬರು ಯಾರಾದರೂ ಇದ್ದಾರೆಯೇ ಎಂದು ಎಲ್ಲ ಫೋಲ್ಡರುಗಳನ್ನೂ ಸುತ್ತಬೇಕು. ಹಳೆಯ ಲ್ಯಾಪ್‌ಟಾಪಿನಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. (2022ರಲ್ಲಿ ಬಂದ 2.37ನೇ ಆವೃತ್ತಿಯಿಂದ ಮ್ಯಾಕ್ ಮತ್ತು ವಿಂಡೋಸ್‌ನಲ್ಲಿ ಫೈಲ್ ಬದಲಾವಣೆಗಳನ್ನು ಕಾಯುವ ಕಾವಲುಗಾರ ಗಿಟ್‌ನೊಳಗೇ ಇದ್ದಾನೆ. ‘ಕೋರ್.ಎಫ್‌ಎಸ್‌ಮಾನಿಟರ್’ ಚಾಲೂ ಮಾಡಿದರೆ ಸ್ಟೇಟಸ್ ಕೂಡ ಚುರುಕಾಗುತ್ತದೆ.)

ಡಿಸ್ಕ್ ನೋಡದಿರುವುದರ ಇನ್ನೊಂದು ಮುಖವೂ ಇದೆ. ಇಂಡೆಕ್ಸ್ ಶಾಲೆಯ ಹಾಜರಿ ಪುಸ್ತಕದಂತೆ. ಹುಡುಗ ಊರು ಬಿಟ್ಟಿದ್ದರೂ ಹೆಸರು ಹೊಡೆಯುವವರೆಗೆ ಪಟ್ಟಿಯಲ್ಲಿ ಇರುತ್ತಾನೆ. ಸಾದಾ ‘ಆರ್‌ಎಂ’ನಿಂದ ಅಳಿಸಿದ ಫೈಲನ್ನು ಎಲ್‌ಎಸ್-ಫೈಲ್ಸ್ ತಣ್ಣಗೆ ತೋರಿಸುತ್ತಲೇ ಇರುತ್ತದೆ, ಆ ಪಟ್ಟಿಯನ್ನು ಮುಂದಿನ ಕಮಾಂಡಿಗೆ ಹಾಯಿಸಿದರೆ ಅಂಥ ಫೈಲೇ ಇಲ್ಲ ಎಂಬ ತಕರಾರು ಬರುತ್ತದೆ. ಹಾಗೆ ಮಾಯವಾದವು ಯಾವುವೆಂದು ‘--ಡಿಲೀಟೆಡ್’ ಹೇಳುತ್ತದೆ. ಮರ್ಜ್ ಮಾಡುವಾಗ, ಅಂದರೆ ಎರಡು ಕವಲುಗಳನ್ನು ಕೂಡಿಸುವಾಗ, ಘರ್ಷಣೆಯಾಗಿದ್ದರೆ ಒಂದೇ ಹೆಸರು ಮೂರು ಸಲ ಬರುವುದೂ ಉಂಟು, ಏಕೆಂದರೆ ಇಂಡೆಕ್ಸಿನಲ್ಲಿ ಆ ಫೈಲಿನ ಮೂರು ರೂಪಗಳು ಕುಳಿತಿರುತ್ತವೆ. ಈಚಿನ ಆವೃತ್ತಿಗಳಲ್ಲಿ ಇದಕ್ಕೆ ‘--ಡಿಡೂಪ್ಲಿಕೇಟ್’ ಇದೆ. ಇಂಡೆಕ್ಸ್ ಮತ್ತು ಡಿಸ್ಕ್ ಬೇರೆ ಬೇರೆ ಎಂಬುದಕ್ಕೆ ಕರ್ನಲ್‌ನಷ್ಟು ಒಳ್ಳೆಯ ಸಾಕ್ಷಿ ಸಿಗುವುದಿಲ್ಲ. ಅದರ ನೆಟ್‌ಫಿಲ್ಟರ್ ವಿಭಾಗದಲ್ಲಿ ಇಂಗ್ಲಿಷಿನ ದೊಡ್ಡಕ್ಷರ-ಚಿಕ್ಕಕ್ಷರದಲ್ಲಷ್ಟೇ ಬೇರೆಯಾಗಿರುವ ಫೈಲುಗಳ ಜೋಡಿಗಳಿವೆ. ಮ್ಯಾಕಿನ ಸಾಮಾನ್ಯ ಡಿಸ್ಕ್ ಆ ಭೇದವನ್ನು ಎಣಿಸುವುದಿಲ್ಲ. ಅಲ್ಲಿ ಕ್ಲೋನ್ ಮಾಡಿದರೆ ಎಲ್‌ಎಸ್-ಫೈಲ್ಸ್ ಜೋಡಿಯ ಎರಡೂ ಹೆಸರನ್ನು ಹೇಳುತ್ತದೆ, ಡಿಸ್ಕಿನಲ್ಲಿ ಇರುವುದು ಒಂದೇ, ಸ್ಟೇಟಸ್ ನೀವು ಮುಟ್ಟದ ಫೈಲನ್ನು ಬದಲಾಗಿದೆ ಎಂದು ದೂರುತ್ತದೆ.

ಟ್ರ್ಯಾಕ್ ಆಗದವು ಬೇಕಾದರೆ ‘--ಅದರ್ಸ್’. ಇಲ್ಲಿ ಎಚ್ಚರವಿರಲಿ. ಬರೀ ಅಷ್ಟನ್ನೇ ಕೊಟ್ಟರೆ ಎಲ್‌ಎಸ್-ಫೈಲ್ಸ್ ಯಾವುದನ್ನು ಕಡೆಗಣಿಸಬೇಕೆಂದು ಬರೆದಿಟ್ಟ ನಿಮ್ಮ ಗಿಟ್‌ಇಗ್ನೋರ್ ಫೈಲಿನ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ, ವೆಬ್ ಪ್ರಾಜೆಕ್ಟಿನಲ್ಲಿ ನೋಡ್-ಮಾಡ್ಯೂಲ್ಸ್‌ನ ಹೊಟ್ಟೆಯೊಳಗಿನದೆಲ್ಲ ಪರದೆಯ ಮೇಲೆ ಹರಿಯುತ್ತದೆ. ‘--ಎಕ್ಸ್‌ಕ್ಲೂಡ್-ಸ್ಟ್ಯಾಂಡರ್ಡ್’ ಸೇರಿಸಿದರೆ ಮಾತ್ರ ಇಗ್ನೋರ್ ನಿಯಮಗಳು ಅನ್ವಯಿಸುತ್ತವೆ. ಸ್ಟೇಟಸ್‌ನಂತೆ ಇದು ಫೋಲ್ಡರನ್ನು ಮಡಚಿಡುವುದಿಲ್ಲ, ಒಳಗಿನ ಒಂದೊಂದು ಫೈಲನ್ನೂ ಹೆಸರಿಸುತ್ತದೆ. ‘--ಕ್ಯಾಶ್ಡ್ --ಅದರ್ಸ್ --ಎಕ್ಸ್‌ಕ್ಲೂಡ್-ಸ್ಟ್ಯಾಂಡರ್ಡ್’ ಎಂದು ಮೂರನ್ನೂ ಕೂಡಿಸಿದರೆ ನಾನು ಕೈಯಾರೆ ಬರೆದದ್ದೆಲ್ಲ, ಗಿಟ್‌ಗೆ ಸೇರಿಸಿದ್ದರೂ ಸೇರಿಸದಿದ್ದರೂ, ಒಂದೇ ಪಟ್ಟಿಯಲ್ಲಿ ಸಿಗುತ್ತದೆ. ಎಡಿಟರಿನ ಫೈಲ್ ಹುಡುಕಾಟಕ್ಕೆ ನಾನು ಜೋಡಿಸಿರುವುದು ಇದನ್ನೇ.

ಇದೇ ಕಮಾಂಡಿನ ಇನ್ನೊಂದು ಜೋಡಣೆ ಹೆಚ್ಚು ಜನರಿಗೆ ಗೊತ್ತಿಲ್ಲ: ‘--ಕ್ಯಾಶ್ಡ್ --ಇಗ್ನೋರ್ಡ್ --ಎಕ್ಸ್‌ಕ್ಲೂಡ್-ಸ್ಟ್ಯಾಂಡರ್ಡ್’. ಟ್ರ್ಯಾಕ್ ಆಗಿಯೂ ಇರಬೇಕು, ಇಗ್ನೋರ್ ನಿಯಮಕ್ಕೂ ಸಿಕ್ಕಬೇಕು, ಅಂಥವನ್ನು ತೋರಿಸು ಎಂದು ಅರ್ಥ. ಒಂದು ಕಡೆಯಿಂದ ಬಂದ ಹಳೆಯ ಪ್ರಾಜೆಕ್ಟಿನಲ್ಲಿ ಓಡಿಸಿದಾಗ ಒಂದೇ ಒಂದು ಸಾಲು ಬಂತು, ಅದು ಡೇಟಾಬೇಸಿನ ಪಾಸ್‌ವರ್ಡ್ ಇದ್ದ ಸೆಟ್ಟಿಂಗ್ಸ್ ಫೈಲು. ಮೊದಲು ಕಮಿಟ್ ಮಾಡಿ, ಆಮೇಲೆ ಬುದ್ಧಿ ಬಂದು ಅದನ್ನು ಗಿಟ್‌ಇಗ್ನೋರ್‌ಗೆ ಸೇರಿಸಿ, ಕೆಲಸವಾಯಿತೆಂದು ಎಲ್ಲರೂ ನಿಶ್ಚಿಂತರಾಗಿದ್ದರು. ಟ್ರ್ಯಾಕ್ ಆದ ಫೈಲಿಗೆ ಇಗ್ನೋರ್ ನಿಯಮ ತಾಗುವುದೇ ಇಲ್ಲ. ‘ಗಿಟ್ ಆರ್‌ಎಂ --ಕ್ಯಾಶ್ಡ್’ನಿಂದ ಹೊರಗಿಡಬಹುದು, ಆದರೆ ಹಳೆಯ ಕಮಿಟುಗಳಲ್ಲಿ ಅದು ಇದ್ದೇ ಇರುತ್ತದೆ, ಹಾಗಾಗಿ ಪಾಸ್‌ವರ್ಡನ್ನೇ ಬದಲಿಸಬೇಕಾಯಿತು. ಸ್ಟೇಟಸ್ ಈ ಸಂಗತಿಯನ್ನು ಯಾವ ಕಾಲಕ್ಕೂ ಬಾಯಿಬಿಡುವುದಿಲ್ಲ.

ಕಮಿಟಿನೊಳಗೆ ನೋಡುವುದು ‘ಗಿಟ್ ಎಲ್‌ಎಸ್-ಟ್ರೀ’. ‘-ಆರ್ --ನೇಮ್-ಓನ್ಲಿ ಹೆಡ್’ ಎಂದರೆ ಕೊನೆಯ ಕಮಿಟಿನ ಎಲ್ಲ ಫೈಲುಗಳು. ಈಗಷ್ಟೇ ‘ಆ್ಯಡ್’ ಮಾಡಿ ಇನ್ನೂ ಕಮಿಟ್ ಮಾಡದ ಫೈಲು ಎಲ್‌ಎಸ್-ಫೈಲ್ಸ್‌ನಲ್ಲಿ ಇರುತ್ತದೆ, ಇಲ್ಲಿ ಇರುವುದಿಲ್ಲ. ಸರ್ವರಿನಲ್ಲಿ ಕೆಲಸದ ಫೋಲ್ಡರೇ ಇಲ್ಲದ ಬೇರ್ ರೆಪೊಸಿಟರಿ ಇದ್ದರೆ ಈ ಕಮಾಂಡೇ ಗತಿ. ಹೆಡ್ ಬದಲು ಯಾವ ಹಳೆಯ ಕಮಿಟನ್ನಾದರೂ ಕೊಡಬಹುದು ಎಂಬುದು ಇದರ ನಿಜವಾದ ಸುಖ. ಕರ್ನಲ್‌ನ ಗಿಟ್ ಇತಿಹಾಸ ಶುರುವಾಗುವುದು 2.6.12-ಆರ್‌ಸಿ2ರಿಂದ, ಆ ಮೊದಲ ಕಮಿಟಿನ ಪಟ್ಟಿ ತೆಗೆದರೆ 17,000ಕ್ಕೂ ಸ್ವಲ್ಪ ಹೆಚ್ಚು ಹೆಸರುಗಳು ಬರುತ್ತವೆ. ಉಪಫೋಲ್ಡರಿನಲ್ಲಿ ನಿಂತಿದ್ದರೆ ಎಲ್‌ಎಸ್-ಟ್ರೀ ಮತ್ತು ಎಲ್‌ಎಸ್-ಫೈಲ್ಸ್ ಎರಡೂ ಆ ಫೋಲ್ಡರಿನದನ್ನಷ್ಟೇ ಹೇಳುತ್ತವೆ. ಟ್ರೀಗಾದರೆ ‘--ಫುಲ್-ಟ್ರೀ’ ಎಂಬ ಪರಿಹಾರವಿದೆ. ಎಲ್‌ಎಸ್-ಫೈಲ್ಸ್‌ನ ‘--ಫುಲ್-ನೇಮ್’ ಹೆಸರುಗಳನ್ನು ಮಾತ್ರ ಬುಡದಿಂದ ಬರೆಯುತ್ತದೆ, ಪಟ್ಟಿಯನ್ನು ಹಿಗ್ಗಿಸುವುದಿಲ್ಲ.

‘ಗಿಟ್ ಕ್ಲೀನ್ --ಡ್ರೈ-ರನ್ -ಡಿ’ ಕೂಡ ಟ್ರ್ಯಾಕ್ ಆಗದವುಗಳ ಪಟ್ಟಿ ಕೊಡುತ್ತದೆ, ಅಳಿಸಿದರೆ ಏನೇನು ಹೋಗುತ್ತದೆ ಎಂಬ ಧಾಟಿಯಲ್ಲಿ. ಚಿಕ್ಕಕ್ಷರದ ಎಕ್ಸ್ ಸೇರಿಸಿದರೆ ಇಗ್ನೋರ್ ಆದವೂ ಬರುತ್ತವೆ, ದೊಡ್ಡಕ್ಷರದ ಎಕ್ಸ್ ಆದರೆ ಇಗ್ನೋರ್ ಆದವು ಮಾತ್ರ. ಲೆಕ್ಕ ಪಕ್ಕಾ, ಆದರೂ ಪಟ್ಟಿಗಾಗಿ ಇದನ್ನು ಯಾರಿಗೂ ಹೇಳಿಕೊಡಲಾರೆ. ಡ್ರೈ-ರನ್ನಿನ ಚಿಕ್ಕ ರೂಪವಾದ ಎನ್ ಇದ್ದ ಜಾಗದಲ್ಲಿ ಎಫ್ ಬಿದ್ದರೆ ಅದೇ ಕಮಾಂಡ್ ಫೈಲುಗಳನ್ನು ಅಳಿಸುತ್ತದೆ, ಟ್ರ್ಯಾಕ್ ಆಗದ ಫೈಲಿನ ಪ್ರತಿ ಗಿಟ್‌ನ ಬಳಿ ಎಲ್ಲೂ ಇರುವುದಿಲ್ಲ. ಮುಂದೆ ಏನು ಸೇರಲಿದೆ ಎಂದು ತಿಳಿಯಲು ‘ಗಿಟ್ ಆ್ಯಡ್ --ಡ್ರೈ-ರನ್’ ಇದೆ, ಅದು ನಿರಪಾಯಕಾರಿ.

ಗಿಟ್‌ನ ಹೊರಗಿನವರಲ್ಲಿ ‘ರಿಪ್‌ಗ್ರೆಪ್’ ಎಂಬ ಹುಡುಕುವ ಸಾಧನದ ‘--ಫೈಲ್ಸ್’ ಬಹಳ ವೇಗ. ಗಿಟ್‌ಇಗ್ನೋರನ್ನು ಗೌರವಿಸುತ್ತದೆ, ಆದರೆ ಅದಕ್ಕೆ ಇಂಡೆಕ್ಸ್ ಗೊತ್ತಿಲ್ಲ. ಟ್ರ್ಯಾಕ್ ಆದದ್ದು, ಆಗದ್ದು ಎರಡನ್ನೂ ಬೆರೆಸಿ ಕೊಡುತ್ತದೆ. ಚುಕ್ಕೆಯಿಂದ ಶುರುವಾಗುವ ಹೆಸರುಗಳನ್ನು ಬಿಟ್ಟುಬಿಡುತ್ತದೆ. ಮೇಲೆ ಹೇಳಿದ ಪಾಸ್‌ವರ್ಡ್ ಫೈಲಿನಂಥದ್ದಂತೂ ಅದಕ್ಕೆ ಕಾಣಿಸುವುದೇ ಇಲ್ಲ.

ಇನ್ನು ಕನ್ನಡದ ಹೆಸರುಗಳ ಕಥೆ. ‘ಕವನ’ ಎಂಬ ಫೈಲನ್ನು ಗಿಟ್‌ಗೆ ಸೇರಿಸಿ ಎಲ್‌ಎಸ್-ಫೈಲ್ಸ್ ಓಡಿಸಿದರೆ ಬರುವ ಸಾಲು ಇದು:

"\340\262\225\340\262\265\340\262\250"

ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟುಗಳು. ಒಂದೊಂದು ಬೈಟನ್ನೂ ಗಿಟ್ ಅಷ್ಟಮಾನ ಸಂಖ್ಯೆಯಾಗಿ ಬಿಡಿಸಿ, ಸುತ್ತ ಉದ್ಧರಣ ಚಿಹ್ನೆ ಹಾಕಿ ಕೊಡುತ್ತದೆ. ಮೂರಕ್ಷರದ ಹೆಸರಿಗೆ 38 ಅಕ್ಷರಗಳ ಸಾಲು. ಒತ್ತಕ್ಷರ, ಕಾಗುಣಿತ ಬಂದರೆ ಇನ್ನೂ ಉದ್ದ, ಏಕೆಂದರೆ ಸ್ವರಚಿಹ್ನೆಗೂ ಮೂರು ಬೈಟು, ವಿರಾಮಕ್ಕೂ (ಅರ್ಧಾಕ್ಷರದ ಗುರುತಿಗೂ) ಮೂರು. ಸ್ಟೇಟಸ್, ಎಲ್‌ಎಸ್-ಟ್ರೀ, ಕ್ಲೀನ್ ಎಲ್ಲವೂ ಇದೇ ಚಾಳಿಯವು. ಓದಲು ಆಗುವುದಿಲ್ಲ ಎಂಬುದಷ್ಟೇ ಅಲ್ಲ, ಹೆಸರುಗಳನ್ನು ಇನ್ನೊಂದು ಕಮಾಂಡಿಗೆ ಒಪ್ಪಿಸುವ ‘ಎಕ್ಸ್‌ಆರ್ಗ್ಸ್’ ಮೂಲಕ ಈ ಸಾಲನ್ನು ಪದ ಎಣಿಸುವ ‘ಡಬ್ಲ್ಯುಸಿ’ಗೆ ಕೊಟ್ಟರೆ ಅದು ಇದೇ ಅಂಕಿಗಳ ಹೆಸರಿನ ಫೈಲನ್ನು ಹುಡುಕುತ್ತದೆ. ಕಣ್ಣಿಗೆ ಕಾಣಬೇಕಾದರೆ ‘ಕೋರ್.ಕೋಟ್‌ಪಾತ್’ ಎಂಬುದನ್ನು ‘ಫಾಲ್ಸ್’ ಮಾಡಬೇಕು, ಹೆಸರುಗಳು ಅಚ್ಚುಕಟ್ಟಾಗಿ ಕನ್ನಡದಲ್ಲಿ ಮೂಡುತ್ತವೆ. ಸ್ಕ್ರಿಪ್ಟಿಗಾದರೆ ‘-ಝಡ್’ ಕೊಡುವುದೇ ಭದ್ರ. ಆಗ ಗಿಟ್ ಯಾವ ವೇಷವನ್ನೂ ಹಾಕದೆ ಹೆಸರಿನ ಬೈಟುಗಳನ್ನೇ ಕೊಟ್ಟು, ಹೊಸ ಸಾಲಿನ ಬದಲು ಶೂನ್ಯ ಬೈಟಿನಿಂದ ಬೇರ್ಪಡಿಸುತ್ತದೆ. ಎದುರಿಗೆ ‘ಎಕ್ಸ್‌ಆರ್ಗ್ಸ್ -0’ ಕೂರಿಸಿದರೆ ಹೆಸರಿನ ನಡುವೆ ಖಾಲಿ ಜಾಗವಿದ್ದರೂ ತೊಂದರೆಯಿಲ್ಲ. ಕನ್ನಡದಲ್ಲಿ ಫೈಲ್ ಹೆಸರಿಡುವವರಿಗೆ ಈ ಎರಡು ಸೂತ್ರಗಳು ಉಳಿದೆಲ್ಲ ಆಯ್ಕೆಗಳಿಗಿಂತ ಮುಖ್ಯ.

ಗಿಟ್‌ನ ಓರಗೆಯದೇ ಆದ, ಅದೇ 2005ರ ಏಪ್ರಿಲ್‌ನಲ್ಲಿ ಹುಟ್ಟಿದ ಮರ್ಕ್ಯುರಿಯಲ್‌ನಲ್ಲಿ ಇಷ್ಟು ತಾಪತ್ರಯವಿಲ್ಲ. ‘ಎಚ್‌ಜಿ ಸ್ಟೇಟಸ್ --ಆಲ್’ ಎಂದರೆ ಬದಲಾದದ್ದು, ಬದಲಾಗದ್ದು, ಗೊತ್ತಿಲ್ಲದ್ದು, ಕಡೆಗಣಿಸಿದ್ದು ಎಲ್ಲವೂ ಒಂದೊಂದು ಅಕ್ಷರದ ಗುರುತಿನೊಂದಿಗೆ ಬರುತ್ತದೆ. ಇಷ್ಟು ಸರಳವಾದದ್ದು ಗಿಟ್‌ನಲ್ಲಿ ಇಲ್ಲವಲ್ಲ ಎಂದು ಹೊಟ್ಟೆಕಿಚ್ಚಾಗುತ್ತದೆ. ಇದೇ ಕೆಲಸದ ಇನ್ನೊಂದು ತಂತ್ರಾಂಶ ಸಬ್‌ವರ್ಷನ್‌ನ ‘ಎಸ್‌ವಿಎನ್ ಲಿಸ್ಟ್’ ಸರ್ವರನ್ನೇ ಕೇಳಿ ಉತ್ತರ ತರುತ್ತದೆ, ನೆಟ್‌ವರ್ಕ್ ಕೈಕೊಟ್ಟರೆ ಪಟ್ಟಿಯೂ ಇಲ್ಲ; ಸ್ಥಳೀಯವಾಗಿ ಬೇಕೆಂದರೆ ‘ಸ್ಟೇಟಸ್ --ವರ್ಬೋಸ್’.

ಸಬ್‌ವರ್ಷನ್‌ನಲ್ಲಿ ಒಂದು ಅನುಕೂಲ ಮಾತ್ರ ಇದೆ: ಅದು ಫೋಲ್ಡರುಗಳನ್ನೂ ಟ್ರ್ಯಾಕ್ ಮಾಡುತ್ತದೆ. ಗಿಟ್‌ಗೆ ಗೊತ್ತಿರುವುದು ಫೈಲುಗಳು ಮಾತ್ರ. ಹೊಸದೊಂದು ಖಾಲಿ ಫೋಲ್ಡರ್ ಮಾಡಿ ಸ್ಟೇಟಸ್ ಕೇಳಿ, ಅದು ಟ್ರ್ಯಾಕ್ ಆದವರ ಪಟ್ಟಿಯಲ್ಲೂ ಇರುವುದಿಲ್ಲ, ಆಗದವರ ಪಟ್ಟಿಯಲ್ಲೂ ಇರುವುದಿಲ್ಲ. ‘ಎಲ್‌ಎಸ್-ಫೈಲ್ಸ್ --ಅದರ್ಸ್ --ಡೈರೆಕ್ಟರಿ’ ಅದನ್ನು ತೋರಿಸುತ್ತದೆ, ಕ್ಲೀನ್ ಕೂಡ ‘-ಡಿ’ ಇದ್ದರೆ ಅಳಿಸಲು ಸಿದ್ಧವಾಗಿ ನಿಲ್ಲುತ್ತದೆ. ಲಾಗ್ ಬರೆಯಲು ಖಾಲಿ ಫೋಲ್ಡರ್ ಇರಲೇಬೇಕೆನ್ನುವ ಪ್ರಾಜೆಕ್ಟುಗಳಲ್ಲಿ ಜನ ಅದರೊಳಗೆ ‘.ಗಿಟ್‌ಕೀಪ್’ ಎಂಬ ಖಾಲಿ ಫೈಲೊಂದನ್ನು ಇಡುತ್ತಾರೆ. ಆ ಹೆಸರಿಗೆ ಗಿಟ್‌ನಲ್ಲಿ ಯಾವ ವಿಶೇಷ ಸ್ಥಾನವೂ ಇಲ್ಲ, ‘ಬೆನಕ’ ಎಂದು ಇಟ್ಟರೂ ಕೆಲಸ ನಡೆಯುತ್ತದೆ, ಕೋಟ್‌ಪಾತ್ ಫಾಲ್ಸ್ ಮಾಡಿಕೊಂಡಿದ್ದರೆ ಪಟ್ಟಿಯಲ್ಲಿ ಓದಲೂ ಬರುತ್ತದೆ.