ಬೇಸ್ ಗಿಟಾರಿಗೆ ಎರಡನೇ ಟ್ರ್ಯಾಕ್: ಮೈಕ್ ಇಡುವುದೋ, ಡಿಐ ಸೀಳುವುದೋ, ಮತ್ತೊಮ್ಮೆ ನುಡಿಸುವುದೋ?

ಮನೆಯಲ್ಲಿ ಮಿಕ್ಸ್ ಮಾಡುವವರಿಗೆ ಬೇಸ್ ತೆಳ್ಳಗೆ ಕೇಳಿದಾಗ ಮೊದಲು ಹೊಳೆಯುವುದು ಇನ್ನೊಂದು ಟ್ರ್ಯಾಕ್ ಸೇರಿಸುವ ಯೋಚನೆ. ಸೇರಿಸಿದ ಮೇಲೆ ಅದು ಇನ್ನೂ ತೆಳ್ಳಗಾಗುವುದೇ ಹೆಚ್ಚು. ತಬಲಾ, ಹಾರ್ಮೋನಿಯಂ, ಬೇಸ್ ಇರುವ ಒಂದು ತತ್ವಪದದ ಮೇಲೆ ಮೂರೂ ದಾರಿಗಳನ್ನು ಬಳ್ಳಾರಿಯ ಹತ್ತು ಅಡಿ ಚೌಕದ ಕೋಣೆಯಲ್ಲಿ, ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ, ಹೂಡಿ ನೋಡಿದೆವು.

ಮೂರಕ್ಕೂ ತಳಪಾಯ ಒಂದೇ: ಡಿಐ, ಅಂದರೆ ಮೈಕಿಲ್ಲದೆ ಬೇಸಿನಿಂದ ನೇರವಾಗಿ ಹಿಡಿದ ಸದ್ದು. ಬೇಸಿನ ವೈರು ಇಂಟರ್ಫೇಸಿನ (ವಾದ್ಯದ ಸದ್ದನ್ನು ಕಂಪ್ಯೂಟರಿಗೆ ಸೇರಿಸುವ ಪೆಟ್ಟಿಗೆಯ) ಹೈ-ಝೆಡ್ ಇನ್‌ಪುಟ್‌ಗೇ ಹೋಗಬೇಕು. ಲೈನ್ ಇನ್‌ಪುಟ್‌ಗೆ ಹಾಕಿದರೆ ಪ್ಯಾಸಿವ್ ಪಿಕಪ್ಪಿನ ಮೇಲುಸ್ವರ ಸತ್ತುಹೋಗುತ್ತದೆ. 24 ಬಿಟ್, 48 ಕಿಲೋಹರ್ಟ್ಸ್, ಜೋರಾಗಿ ಬಾರಿಸಿದಾಗಲೂ ಪೀಕ್ ಮೈನಸ್ 10 ಡಿಬಿ ದಾಟದಂತೆ. ಕರೆಂಟ್ ಹೋಗಿ ಸ್ಕ್ವೇರ್ ವೇವ್ ಇನ್ವರ್ಟರ್ ಹತ್ತಿಕೊಂಡಿದ್ದರೆ ಸಿಂಗಲ್ ಕಾಯಿಲ್ ಪಿಕಪ್ ಗೊರ್ ಅನ್ನುತ್ತದೆ, ಆಗ ಲ್ಯಾಪ್‌ಟಾಪನ್ನು ಬ್ಯಾಟರಿ ಮೇಲೆ ಓಡಿಸಿ, ಇನ್ವರ್ಟರಿನಿಂದ ದೂರ ಕೂತು ನುಡಿಸಿ. ಆ ಗೊರಕೆಯನ್ನು ಆಮೇಲೆ ಇಕ್ಯೂನಲ್ಲಿ 50 ಹರ್ಟ್ಸ್ ಕತ್ತರಿಸಿ ತೆಗೆಯುತ್ತೇನೆ ಅನ್ನಬೇಡಿ. ಇ ತಂತಿಯ ಮೂರನೇ ಫ್ರೆಟ್ಟಿನ ಜಿ 49 ಹರ್ಟ್ಸ್. ಗೊರಕೆಯ ಜೊತೆ ಸ್ವರವೂ ಹೋಗುತ್ತದೆ.

ಮೊದಲು ಡಿಐ ಜೊತೆ ಮೈಕ್. ಆಂಪ್‌ನಿಂದ ಒಂದು ಅಡಿ ದೂರ ಇಟ್ಟ ಮೈಕಿಗೆ ಶಬ್ದ ತಲುಪಲು 0.9 ಮಿಲಿಸೆಕೆಂಡ್ ಬೇಕು. 48 ಕಿಲೋಹರ್ಟ್ಸ್‌ನಲ್ಲಿ ಅದು 42 ಸ್ಯಾಂಪಲ್ ಆಸುಪಾಸು. ಅಷ್ಟಕ್ಕೇ, ಎರಡನ್ನೂ ಸಮ ಮಟ್ಟದಲ್ಲಿ ಕೂಡಿಸಿದರೆ 570 ಹರ್ಟ್ಸ್ ಬಳಿ ಗುಂಡಿ ಬೀಳುತ್ತದೆ. ಬೆರಳಿನ ಪೆಟ್ಟು ಸ್ಪಷ್ಟವಾಗಿ ಕೇಳಿಸುವ ಜಾಗವೇ ಅದು. ಮೈಕು ಮೂರಡಿ ಹಿಂದೆ ಹೋದರೆ ಗುಂಡಿ 190ಕ್ಕೆ ಇಳಿದು ಮೈಯೇ ಮಾಯ. ಪರಿಹಾರ ಸರಳ: ಎರಡೂ ಅಲೆಗಳನ್ನು ಹಿಗ್ಗಿಸಿ, ಒಂದು ಸ್ವರದ ಮೊದಲ ಏರು ನೋಡಿ, ಮೈಕ್ ಟ್ರ್ಯಾಕನ್ನು ಅಷ್ಟು ಸ್ಯಾಂಪಲ್ ಎಡಕ್ಕೆ, ಅಂದರೆ ಮೊದಲೇ ಬರುವಂತೆ, ಎಳೆಯಿರಿ. ಏರಬೇಕಾದಲ್ಲಿ ಇಳಿದಿದ್ದರೆ ಅಲೆಯನ್ನು ತಲೆಕೆಳಗು ಮಾಡುವ ಫೇಸ್ ಬಟನ್ ಒತ್ತಿ. ಯಾವ ಸ್ಥಿತಿಯಲ್ಲಿ ಕೆಳಸ್ವರ ದಪ್ಪವೋ ಅದೇ ಸರಿ.

ಇಷ್ಟಾದರೂ ಕೋಣೆ ಬಿಡುವುದಿಲ್ಲ. ಹತ್ತು ಅಡಿ ಗೋಡೆಗಳ ನಡುವೆ ನಿಲ್ಲುವ ಮೊದಲ ಅಲೆ ಸುಮಾರು 56 ಹರ್ಟ್ಸ್, ಖಾಲಿ ಎ ತಂತಿ 55. ಚೌಕ ಕೋಣೆಯಾದ್ದರಿಂದ ಉದ್ದಕ್ಕೂ ಅಗಲಕ್ಕೂ ಅದೇ ಅಂಕಿ, ಹಾಗಾಗಿ ಎ ಬಂದಾಗಲೆಲ್ಲ ಕೋಣೆ ಗುಂಯ್‌ಗುಡುತ್ತದೆ, ಪಕ್ಕದ ಸ್ವರಗಳು ಸೊರಗುತ್ತವೆ. (ಮೇ ತಿಂಗಳ 40 ಡಿಗ್ರಿಯಲ್ಲಿ ಶಬ್ದದ ವೇಗ ಹೆಚ್ಚಿ ಆ ಅಲೆ 58ರ ಕಡೆ ಸರಿಯುತ್ತದೆ. ಆಗ ಕಾಟ ಎ ಶಾರ್ಪ್‌ನದು.) ಮೇಲಾಗಿ ಮೈಕ್ ತೆರೆದಾಗ ಫ್ಯಾನ್ ಆರಿಸಬೇಕು. ಬಳ್ಳಾರಿಯ ಬೇಸಿಗೆಯಲ್ಲಿ ಫ್ಯಾನಿಲ್ಲದೆ ನಾಲ್ಕು ಟೇಕ್ ಕೊಡಬಲ್ಲವರಿದ್ದರೆ ಈ ದಾರಿ ಹಿಡಿಯಲಿ.

ಡಿಐ ಸೀಳುವುದೇ ನಮಗೆ ಒಪ್ಪಿಗೆಯಾದದ್ದು. ಟ್ರ್ಯಾಕನ್ನು ನಕಲು ಮಾಡಿ ಒಂದಕ್ಕೆ 200 ಹರ್ಟ್ಸ್ ಲೋ-ಪಾಸ್ (ಕೆಳಗಿನದನ್ನಷ್ಟೇ ಬಿಡುವ ಫಿಲ್ಟರ್), ಇನ್ನೊಂದಕ್ಕೆ ಅದೇ 200ರ ಹೈ-ಪಾಸ್ (ಮೇಲಿನದನ್ನಷ್ಟೇ ಬಿಡುವುದು). ಇಲ್ಲಿ ಇಳಿಜಾರು ಮುಖ್ಯ. ಆಕ್ಟೇವಿಗೆ 12 ಡಿಬಿಯ ಫಿಲ್ಟರ್ ಎರಡೂ ಕಡೆ ಹಾಕಿದರೆ ಅವು 180 ಡಿಗ್ರಿ ಎದುರುಬದುರಾಗಿ, ಸೇರುವ ಜಾಗದಲ್ಲೇ ಹೊಂಡ ಬೀಳುತ್ತದೆ. 24 ಡಿಬಿಯ ಲಿಂಕ್‌ವಿಟ್ಸ್-ರೈಲಿ ಕ್ರಾಸೋವರ್ ಹಾಕಿ, ಕೂಡಿಸಿದಾಗ ಸಪಾಟಾಗಿ ಬರುತ್ತದೆ.

ಕೆಳಗಿನ ಅರ್ಧಕ್ಕೆ ಕಂಪ್ರೆಸರ್ (ಜೋರು ಸದ್ದನ್ನು ತಗ್ಗಿಸುವ ಸಾಧನ) ಬಿಗಿಯಾಗಿರಲಿ: ಅನುಪಾತ 5:1, ಅಟ್ಯಾಕ್ 30 ಮಿಲಿಸೆಕೆಂಡ್, 6ರಿಂದ 8 ಡಿಬಿ ಇಳಿತ. ರಿಲೀಸ್ 100ಕ್ಕಿಂತ ತೀರಾ ಕಡಿಮೆ ಮಾಡಿದರೆ ಕಂಪ್ರೆಸರ್ 41 ಹರ್ಟ್ಸ್ ಇ ತಂತಿಯ ಒಂದೊಂದು ಅಲೆಯನ್ನೇ ಹಿಂಬಾಲಿಸಿ ಸ್ವರವನ್ನು ಒರಟು ಮಾಡುತ್ತದೆ. ಮೇಲಿನ ಅರ್ಧಕ್ಕೆ ಡಿಸ್ಟಾರ್ಷನ್ ಅಥವಾ ಆಂಪ್ ಪ್ಲಗಿನ್. ಅದರ ನಂತರವೂ ಮತ್ತೊಂದು ಹೈ-ಪಾಸ್ ಬೇಕು, ಯಾಕೆಂದರೆ ಎರಡು ತಂತಿ ಒಟ್ಟಿಗೆ ನುಡಿದಾಗ ಡಿಸ್ಟಾರ್ಷನ್ ಅವುಗಳ ವ್ಯತ್ಯಾಸದ ಕೆಳಸ್ವರವನ್ನು ತಾನೇ ಹುಟ್ಟಿಸಿ ಗಲೀಜು ಮಾಡುತ್ತದೆ. ಈ ಹೆಚ್ಚಿನ ಫಿಲ್ಟರ್ 80-100 ಹರ್ಟ್ಸ್‌ನಲ್ಲಿ ಮೆದುವಾಗಿರಲಿ. 200ಕ್ಕೇ ತಂದರೆ ಮೇಲೆ ಸರಿಪಡಿಸಿದ ಫೇಸ್ ಮತ್ತೆ ಕೆಡುತ್ತದೆ. ಕ್ಯಾಬಿನೆಟ್ ಐಆರ್ (ಸ್ಪೀಕರ್ ಪೆಟ್ಟಿಗೆಯ ಸದ್ದಿನ ಗುಣವನ್ನು ಹಿಡಿದಿಟ್ಟ ಫೈಲು) ಹಾಕಿದ್ದರೆ ಅದರ ಆರಂಭದಲ್ಲಿ ಮೌನದ ತುಣುಕು ಉಳಿದಿದೆಯೇ ನೋಡಿ. ಸಾಫ್ಟ್‌ವೇರಿನ ವಿಳಂಬ ಸರಿಪಡಿಕೆಗೆ ಅದು ಕಾಣದು.

ಈ ಸೀಳಿನ ನಿಜವಾದ ಲಾಭ ತಬಲಾದ ಎದುರು ಗೊತ್ತಾಗುತ್ತದೆ. ಒಂದು ಟ್ರ್ಯಾಕಿನ ಸದ್ದಿನಿಂದ ಇನ್ನೊಂದರ ಕಂಪ್ರೆಸರನ್ನು ನಡೆಸುವುದೇ ಸೈಡ್‌ಚೈನ್. ಡಗ್ಗಾದ ಗುಮಕಿಗೆ ಕೆಳಗಿನ ಟ್ರ್ಯಾಕ್ ಮಾತ್ರ ಸೈಡ್‌ಚೈನಿನಿಂದ 2-3 ಡಿಬಿ ಬಗ್ಗುತ್ತದೆ, ಮೇಲಿನ ಟ್ರ್ಯಾಕ್ ಅಲುಗುವುದಿಲ್ಲ. ಹಾಗಾಗಿ ಬೇಸು ಎಲ್ಲೂ ಕಾಣೆಯಾದಂತೆ ಕೇಳುವುದಿಲ್ಲ. ಫೋನಿನ ಪುಟ್ಟ ಸ್ಪೀಕರು ಖಾಲಿ ತಂತಿಗಳ ಮೂಲಸ್ವರ ಹೊರಡಿಸದಿದ್ದರೂ 700-1000 ಹರ್ಟ್ಸ್ ಸುತ್ತಿನ ಮೇಲುಸ್ವರದಿಂದ ಕಿವಿ ಸ್ವರ ಗುರುತಿಸಿಕೊಳ್ಳುತ್ತದೆ.

ಎರಡು ಸಲ ನುಡಿಸುವ ದಾರಿ ಗಿಟಾರಿಗೆ ಚೆಂದ, ಬೇಸಿಗೆ ಬೇಡ. 55 ಹರ್ಟ್ಸ್ ಎ ಸ್ವರದಲ್ಲಿ ಹತ್ತು ಸೆಂಟ್ (ಸೆಂಟ್ ಅಂದರೆ ಅರ್ಧಸ್ವರದ ನೂರನೇ ಒಂದು ಪಾಲು) ಶ್ರುತಿ ತಪ್ಪಿದರೂ ಮೂರು ಸೆಕೆಂಡಿಗೊಮ್ಮೆ ಸದ್ದು ಉಬ್ಬಿ ಕುಗ್ಗುತ್ತದೆ. ಎಡ ಬಲಕ್ಕೆ ಹಂಚಿದರೂ ಮೊನೋದಲ್ಲಿ ಅದೇ ಹಾಡು. ಎರಡನೇ ಸಾಲು ಬೇಕೇ ಬೇಕೆಂದರೆ ಆಕ್ಟೇವ್ ಮೇಲೆ ನುಡಿಸಿ, 250ರ ಕೆಳಗೆ ಕತ್ತರಿಸಿ, ಪಲ್ಲವಿಗಷ್ಟೇ ಬಳಸಿ.

ಫೇಡರ್ ಹೊಂದಿಸುವಾಗ ಸೋಲೋ (ಒಂದೇ ಟ್ರ್ಯಾಕ್ ಕೇಳಿಸುವ ಬಟನ್) ಒತ್ತಬೇಡಿ. ತಬಲಾ, ಕಂಠ ಎರಡೂ ಓಡುತ್ತಿರುವಾಗ ಕೆಳಗಿನ ಟ್ರ್ಯಾಕನ್ನು ಮೊದಲು ಕೂರಿಸಿ, ಮೇಲಿನದನ್ನು ಶೂನ್ಯದಿಂದ ಏರಿಸುತ್ತ ಬನ್ನಿ. ಡಿಸ್ಟಾರ್ಷನ್ ಇದೆ ಎಂದು ಗೊತ್ತಾದ ಕೂಡಲೇ 2 ಡಿಬಿ ಇಳಿಸಿ, ಎರಡನ್ನೂ ಒಂದೇ ಬಸ್ಸಿಗೆ (ಟ್ರ್ಯಾಕುಗಳು ಕೂಡಿ ಹೋಗುವ ಚಾನೆಲ್ಲಿಗೆ) ಕಳಿಸಿ. ಅಲ್ಲಿಂದ ಮುಂದೆ ಆ ಎರಡು ಫೇಡರ್ ಮುಟ್ಟದೆ ಬಸ್ಸಿನದನ್ನಷ್ಟೇ ಆಟೊಮೇಟ್ ಮಾಡಿ.